ಕ್ರೈಸ್ತನಿಷ್ಠೆ ಮತ್ತು ಕನ್ನಡ ಸಂಸ್ಕೃತಿ: ಉತ್ತಂಗಿ ಚನ್ನಪ್ಪನವರನ್ನು ಕುರಿತು ಒಂದು ವಿವೇಚನೆ

ಉತ್ತಂಗಿ ಚನ್ನಪ್ಪನವರನ್ನು (1881-1962) ಕುರಿತ ಪ್ರಶಂಸೆಯ ಮಾತುಗಳಲ್ಲಿ ಒಂದು ವಾಕ್ಯರಚನೆ ಮತ್ತೆ ಮತ್ತೆ ಎದುರಾಗುತ್ತದೆ. ಅವರು ಕ್ರೈಸ್ತರಾಗಿದ್ದರೂ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದರು. ಸಭಾಪಾಲಕರಾಗಿದ್ದರೂ ಶರಣರ ವಚನಗಳನ್ನು ಸಂಪಾದಿಸಿದರು. ಹೇಳುವವರ ಉದ್ದೇಶ ಗೌರವವೇ, ಸಂದೇಹವಿಲ್ಲ. ಆದರೆ ‘ಇದ್ದರೆ’ ಎಂಬ ಪಕ್ಷಾರ್ಥಕ ರೂಪಕ್ಕೆ ‘ಊ’ ಸೇರಿ ಆದ ಈ ‘ಇದ್ದರೂ’ ಎಂಬ ಪದ ತನ್ನ ಕೆಲಸವನ್ನು ಮಾಡದೆ ಬಿಡುವುದಿಲ್ಲ. ಅದು ಮೊದಲ ಸಂಗತಿಯನ್ನು ಎರಡನೆಯದಕ್ಕೆ ಅಡ್ಡಿಯೆಂದು ಮೊದಲೇ ತೀರ್ಮಾನಿಸಿಬಿಡುತ್ತದೆ. ಕ್ರೈಸ್ತಧರ್ಮ ಒಂದು ಕಡೆ, ಕನ್ನಡ ಸಂಸ್ಕೃತಿ ಇನ್ನೊಂದು ಕಡೆ. ಉತ್ತಂಗಿಯವರು ಮೊದಲನೆಯದನ್ನು ಸ್ವಲ್ಪ ಸಡಿಲಿಸಿ ಎರಡನೆಯದಕ್ಕೆ ಬಂದರು ಎಂಬ ಅರ್ಥ ಅದರೊಳಗೆ ಅಡಗಿದೆ. ಅವರು ತಮ್ಮ ನಂಬಿಕೆಯನ್ನು ಸಡಿಲಿಸಿದರೆ, ಅಥವಾ ಆ ನಂಬಿಕೆಯೇ ಅವರನ್ನು ಈ ಕೆಲಸಕ್ಕೆ ಹಚ್ಚಿತೆ ಎಂಬುದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ಇದಕ್ಕೆ ಕರ್ನಾಟಕದಲ್ಲಿ ಕ್ರೈಸ್ತರಾದವರು ಯಾವ ಯಾವ ಮೌಲ್ಯಗಳ ನಡುವೆ ಸಿಕ್ಕಿಕೊಂಡಿದ್ದರು ಎಂಬುದನ್ನು ತಿಳಿಯುವುದು ಅವಶ್ಯಕ. ಬಾಸೆಲ್ ಮಿಷನ್ನಿನ ಮೊದಲ ಮೂವರು ಪ್ರಚಾರಕರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷಗಳ ಅನಂತರ, 1844ರ ಜನವರಿಯಲ್ಲಿ, ಅಲ್ಲಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಅಲ್ಲೋಲಕಲ್ಲೋಲವಾಯಿತು. ಮೋಗ್ಲಿಂಗರ ಹೆಸರಾದ ಹರ್ಮನ್ ಎಂಬುದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡ ಅವರು ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಉಪದೇಶಕರಾಗಿ ಹಿಂದಿರುಗಿದರು. ‘ಆನಂದರಾವ್’ ಎಂಬುದನ್ನೂ ‘ಕೌಂಡಿನ್ಯ’ ಎಂಬ ಗೋತ್ರನಾಮವನ್ನೂ ಅವರು ಬಿಡಲಿಲ್ಲ ಎಂಬುದು ಗಮನಾರ್ಹ. ಹೆಸರಿನೊಳಗೇ ಒಂದು ಒಪ್ಪಂದ ನಡೆದಿತ್ತು. ಮತಾಂತರ ಹೊಂದಿದವನ ಆಸ್ತಿಯ ಹಕ್ಕು ತಪ್ಪಬಾರದೆಂದು ಕಂಪನಿ ಸರಕಾರ ಕಾನೂನು ಮಾಡಿದ್ದು 1850ರಲ್ಲಿ. ಆದರೆ ಮನೆಯ ಪಂಕ್ತಿಯಲ್ಲಿ ಕಳೆದುಹೋದ ಎಲೆಯನ್ನು ಯಾವ ಕಾನೂನೂ ಮರಳಿ ಹಾಕಿಸಲಾರದು.

ಕೌಂಡಿನ್ಯರದು ಪ್ರಸಿದ್ಧ ಪ್ರಸಂಗ. ಆದರೆ ದಕ್ಷಿಣ ಕನ್ನಡದಲ್ಲಿ ಸಭೆಗೆ ಸೇರಿದವರಲ್ಲಿ ಬಹುಸಂಖ್ಯೆಯವರು ಬಿಲ್ಲವರು. ಅವರ ಸಂಕಟ ಬೇರೆ ಬಗೆಯದು. ಕಳ್ಳು ಇಳಿಸುವ ಕಸುಬನ್ನು ಕೈಬಿಡಬೇಕೆಂದು ಮಿಷನ್ ಹೇಳಿತು. ಕುಟುಂಬದ ಭೂತಕ್ಕೆ ಸಲ್ಲಿಸುವ ಸೇವೆಯನ್ನೂ ಬಿಡಬೇಕಾಯಿತು. ಭೂತವನ್ನು ಬಿಡುವುದೆಂದರೆ ಒಂದು ಪೂಜೆಯನ್ನು ಬಿಡುವುದಷ್ಟೇ ಅಲ್ಲ; ಒಕ್ಕಲುತನ, ನೆರೆಹೊರೆ, ಬಂಧುತ್ವಗಳೆಲ್ಲ ಸೇರಿ ಹೆಣೆದುಕೊಂಡ ಒಂದು ವ್ಯವಸ್ಥೆಯಿಂದ ಹೊರಬರುವುದು. ಕೆಲಸ ಕಳೆದುಕೊಂಡವರಿಗೆ ಮಿಷನ್ ನೇಯ್ಗೆಯನ್ನೂ 1865ರಲ್ಲಿ ಜೆಪ್ಪುವಿನಲ್ಲಿ ತೊಡಗಿದ ಹೆಂಚಿನ ಕಾರ್ಖಾನೆಯನ್ನೂ ಒದಗಿಸಿತು. ಅಲ್ಲಿ ಗಂಟೆಗೆ ಸರಿಯಾಗಿ ದುಡಿಯುವ ಶಿಸ್ತು, ಮಿತವ್ಯಯ, ಮನೆಯ ಚೊಕ್ಕಟತನ ಇವೆಲ್ಲ ‘ಕ್ರೈಸ್ತ ನಡತೆ’ ಎಂಬ ಹೆಸರಿನಲ್ಲಿ ಬಂದವು. ವಾಸ್ತವವಾಗಿ ಇವುಗಳಲ್ಲಿ ಎಷ್ಟು ಸುವಾರ್ತೆಯದು, ಎಷ್ಟು ವ್ಯುರ್ಟೆಂಬರ್ಗ್ ಸೀಮೆಯ ಹಳ್ಳಿಯದು ಎಂಬುದು ಕೇಳಲೇಬೇಕಾದ ಪ್ರಶ್ನೆ. ಹೀಗೆ ನೋಡಿದಾಗ ಸಂಘರ್ಷ ಎರಡು ಪಕ್ಷಗಳ ನಡುವಣದಾಗಿ ಉಳಿಯುವುದಿಲ್ಲ. ಜಾತಿಯ ಕಟ್ಟು, ಊರಿನ ದೈವ, ಜರ್ಮನ್ ಭಕ್ತಿಪಂಥದ ಶಿಸ್ತು, ಕಾರ್ಖಾನೆಯ ಗಂಟೆ, ಸುವಾರ್ತೆಯ ಮಾತು — ಇಷ್ಟರ ನಡುವೆ ನಂಬಿದವನು ಯಾವುದು ತನ್ನ ನಂಬಿಕೆಗೆ ಸೇರಿದ್ದು, ಯಾವುದು ಸೇರದ್ದು ಎಂದು ತಾನೇ ಆರಿಸಿಕೊಳ್ಳಬೇಕಾಗಿತ್ತು.

ಮಿಷನ್ನಿನೊಳಗೂ ಏಕಾಭಿಪ್ರಾಯವಿರಲಿಲ್ಲವೆಂಬುದಕ್ಕೆ ಕನ್ನಡ ಸಾಹಿತ್ಯಚರಿತ್ರೆಯೇ ಸಾಕ್ಷಿ. ಮೂರ್ತಿಪೂಜೆಯನ್ನು ಖಂಡಿಸಲು ಬಂದ ಮೋಗ್ಲಿಂಗರೇ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದರು. ಶಬ್ದಮಣಿದರ್ಪಣ, ಛಂದೋಂಬುಧಿಗಳನ್ನು ಪರಿಷ್ಕರಿಸಿ 1894ರಲ್ಲಿ ನಿಘಂಟನ್ನು ಹೊರತಂದ ಕಿಟೆಲ್ಲರು ಅದಕ್ಕೂ ಮೊದಲೇ, 1862ರಲ್ಲಿ, ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡದ ದೇಸಿ ಛಂದಸ್ಸುಗಳಿಗೆ ಇಳಿಸಿದ್ದರು. ಉದ್ದೇಶ ಪ್ರಚಾರದ್ದೇ ಇರಬಹುದು. ಆದರೆ ಒಂದು ನಾಡಿನ ಛಂದಸ್ಸನ್ನು ಕಲಿತವನು ಆ ನಾಡಿನ ಉಸಿರಾಟವನ್ನೂ ಸ್ವಲ್ಪ ಕಲಿಯುತ್ತಾನೆ.

ಪರಿಭಾಷೆಯ ವಿಷಯದಲ್ಲಿಯೂ ಇದೇ ಸಂಗತಿ ಕಾಣುತ್ತದೆ. ಕನ್ನಡ ಕ್ರೈಸ್ತರ ಪ್ರಾರ್ಥನಾಭಾಷೆಯ ಮುಖ್ಯ ಪದಗಳಾವುವೂ ಹೊಸದಾಗಿ ಟಂಕಿಸಿದ ಬರಿಯ ನಾಣ್ಯಗಳಲ್ಲ. ‘ದೀಕ್ಷಾಸ್ನಾನ’ ಎಂಬಲ್ಲಿ ‘ದೀಕ್ಷೆ’ ಶೈವ, ವೈಷ್ಣವ ಸಂಪ್ರದಾಯಗಳ ಗುರುವಿನ ಕೈಯಿಂದ ಬಂದದ್ದು. ‘ಕೃಪೆ’, ‘ಭಕ್ತ’, ‘ಪಾಪ’ ಇವುಗಳ ಹಿಂದೆ ಶತಮಾನಗಳ ಬಳಕೆಯಿದೆ. ಪ್ರಾಟೆಸ್ಟಂಟರು ‘ನಂಬಿಕೆ’ ಎನ್ನುವಲ್ಲಿ ಕೆಥೋಲಿಕರು ಸಾಮಾನ್ಯವಾಗಿ ‘ವಿಶ್ವಾಸ’ ಎನ್ನುತ್ತಾರೆ, ಎರಡೂ ಇಲ್ಲಿಯವೇ. ‘ನಂಬು’ ಎಂಬ ಧಾತು ಶರಣರಿಗೂ ದಾಸರಿಗೂ ಎಷ್ಟು ಆಪ್ತವಾದದ್ದೆಂದು ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಪ್ರಾರ್ಥಿಸತೊಡಗಿದ ಕ್ಷಣದಲ್ಲಿಯೇ ಕ್ರೈಸ್ತನು ತಾನು ಬಿಟ್ಟುಬಂದೆನೆಂದುಕೊಂಡ ಮನೆಯ ಅಂಗಳದಲ್ಲಿಯೇ ನಿಂತಿರುತ್ತಾನೆ. ಇದನ್ನು ಅಪಾಯವೆಂದು ಕಂಡವರಿದ್ದರು. ಸಂಪತ್ತೆಂದು ಕಂಡವರಲ್ಲಿ ಉತ್ತಂಗಿಯವರು ಮುಖ್ಯರು.

ಅವರು ಹುಟ್ಟಿದ್ದು ಧಾರವಾಡದಲ್ಲಿ. ಮನೆತನದ ಮೂಲ ಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಹಳೆಯ ಒಡಂಬಡಿಕೆಯ ಪ್ರವಾದಿಯ ಹೆಸರಿಗೆ ಉತ್ತರ ಕರ್ನಾಟಕದ ‘ಅಪ್ಪ’ ಸೇರಿದ ಆ ತಂದೆ ಮಗನಿಗೆ ಚನ್ನಪ್ಪನೆಂದು ಹೆಸರಿಟ್ಟರು. ಮಂಗಳೂರಿನ ಬಾಸೆಲ್ ಮಿಷನ್ ದೇವಜ್ಞಾನ ಶಾಲೆಯಲ್ಲಿ ಓದಿದ ಮಗ ಸಭಾಪಾಲಕನಾದಾಗಲೂ ಆ ಹೆಸರು ಬದಲಾಗಲಿಲ್ಲ. 1924ರಲ್ಲಿ ಹೊರಬಂದ ‘ಸರ್ವಜ್ಞನ ವಚನಗಳು’ ಊರೂರು ತಿರುಗಿ, ಓಲೆಗರಿ, ಕಾಗದದ ಪ್ರತಿಗಳನ್ನೂ ಜನರ ಬಾಯಲ್ಲಿದ್ದ ತ್ರಿಪದಿಗಳನ್ನೂ ಕೂಡಿಹಾಕಿದ ಫಲ. ತಮ್ಮನ್ನು ಅವರು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ಬಿರುದುಗಳನ್ನು ಬಯಸುವ ಸಾಹಿತ್ಯಲೋಕದಲ್ಲಿ ಭಿಕ್ಷುಕನ ಹೆಸರನ್ನು ಬಯಸಿದ್ದು ವಿನಯಕ್ಕಷ್ಟೇ ಅಲ್ಲ. ತಿರಿದುಣ್ಣುವ ಸರ್ವಜ್ಞನ ಪಂಕ್ತಿಯಲ್ಲಿ ಒಬ್ಬ ಪಾದ್ರಿ ಕುಳಿತಂತಾಯಿತು.

ಇದೇ ಮನೋಧರ್ಮ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿಯ ಶೀರ್ಷಿಕೆಯಲ್ಲಿಯೇ ವ್ಯಕ್ತವಾಗಿದೆ. ಹತ್ತೊಂಬತ್ತನೆಯ ಶತಮಾನದ ಪ್ರಚಾರಪತ್ರಿಕೆಗಳ ಸ್ವರ ಬಹುಮಟ್ಟಿಗೆ ಖಂಡನೆಯದು. ಕ್ರೈಸ್ತನು ಕೊಡುವವನು, ಎದುರಿನವನು ಪಡೆಯುವವನು. ಇಲ್ಲಿ ಬೆತ್ಲೆಹೇಮು ಬೇಡುವ ಸ್ಥಾನದಲ್ಲಿದೆ. ಆದರೆ ಬೇಡಿಕೆಯನ್ನು ಅದು ಕೈಬಿಟ್ಟಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಬನಾರಸವೂ ಬೆತ್ಲೆಹೇಮೂ ಒಂದೇ, ಹೇಳಬೇಕಾದದ್ದೇನೂ ಇಲ್ಲ ಎಂಬ ಸುಲಭ ಸಮನ್ವಯ ಇದಲ್ಲ. ಎಲ್ಲವೂ ಒಂದೇ ಎಂದುಕೊಂಡವನು ವಿನಂತಿ ಮಾಡುವ ಗೋಜಿಗೇಕೆ ಹೋಗುತ್ತಾನೆ?

ವಚನಸಾಹಿತ್ಯದತ್ತ ಅವರನ್ನು ಎಳೆದದ್ದೂ ಇದೇ ಎನ್ನಬಹುದು. ಷಟ್‌ಸ್ಥಲದ ಕ್ರಮದಲ್ಲಿ ಭಕ್ತಸ್ಥಲದ ಶ್ರದ್ಧೆಯ ಮೇಲೆ ಮಾಹೇಶ್ವರಸ್ಥಲದ ನಿಷ್ಠೆ ಬರುತ್ತದೆ. ಈ ನಿಷ್ಠೆ ಉದಾರವಾದ ಸರ್ವಸಮ್ಮತಿಯಲ್ಲ. ಅನ್ಯದೈವಕ್ಕೆ ಎರಗದಿರುವ, ಪರಧನ, ಪರಸ್ತ್ರೀಯರಿಗೆ ಎಳಸದಿರುವ ಛಲ ಅದು. ಒಬ್ಬನೇ ಪತಿಯನ್ನು ನಂಬಿದ ಸತಿಯಂತೆ ಒಬ್ಬನೇ ದೇವನನ್ನು ನಂಬಬೇಕೆಂದು ಶರಣರು ಹೇಳಿದ ಕಠಿಣ ಮಾತು, ಹತ್ತು ಆಜ್ಞೆಗಳ ಮೊದಲನೆಯದನ್ನು ಬಾಲ್ಯದಿಂದ ಬಾಯಿಪಾಠ ಮಾಡಿದವನಿಗೆ ಅಪರಿಚಿತವೆನಿಸಲಾರದು. ಕುಲದ ಹಮ್ಮನ್ನು ಮುರಿಯುವ, ಕಾಯಕದಿಂದ ಬಂದುದನ್ನು ಹಂಚಿಕೊಳ್ಳುವ ಶರಣರ ಸಂಗದಲ್ಲಿ ಆದಿಸಭೆಯ ಪಡಿನೆಳಲನ್ನು ಆತ ಕಂಡಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಉತ್ತಂಗಿಯವರು ವಚನಗಳನ್ನು ಓದಿದ್ದು ತಮ್ಮ ನಿಷ್ಠೆಯನ್ನು ಬಾಗಿಲ ಹೊರಗೆ ಬಿಟ್ಟು ಬಂದು ಅಲ್ಲ. ನಿಷ್ಠೆ ಏನೆಂದು ಬಲ್ಲವನಿಗೆ ಮಾತ್ರ ಇನ್ನೊಬ್ಬರ ನಿಷ್ಠೆಯ ತೂಕ ತಿಳಿಯುತ್ತದೆ.

ಇದಕ್ಕೆ ಕಠಿಣವಾದ ಪರೀಕ್ಷೆ ಒದಗಿದ್ದು ಅನುಭವ ಮಂಟಪದ ಪ್ರಶ್ನೆಯಲ್ಲಿ. ಅದರ ವಿಸ್ತಾರವಾದ ಚಿತ್ರಣ ದೊರೆಯುವುದು ಬಸವಣ್ಣನವರಿಗಿಂತ ಬಹುಕಾಲ ಈಚಿನ ಶೂನ್ಯಸಂಪಾದನೆಗಳಲ್ಲಿ. ಆದ್ದರಿಂದ ಅದು ಭಕ್ತರ ಕಲ್ಪನೆಯೇ ಹೊರತು ಚಾರಿತ್ರಿಕ ಸಂಗತಿಯಲ್ಲ ಎಂಬ ವಾದ ಹುಟ್ಟಿತು. ಅದಕ್ಕೆ ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಕೃತಿಯ ಮೂಲಕ ಉತ್ತರವಿತ್ತವರು ಈ ಸಭಾಪಾಲಕರು. ಅವರ ಪ್ರಮಾಣಗಳೆಲ್ಲವೂ ಇಂದಿನ ಸಂಶೋಧನೆಗೆ ಒಪ್ಪಿಗೆಯಾಗಬೇಕೆಂದಿಲ್ಲ. ವಚನಗಳ ಒಳಗಣ ಸಾಕ್ಷ್ಯಕ್ಕೆ ಅವರು ಕೊಟ್ಟ ಬೆಲೆ ಕೆಲವೆಡೆ ಹೆಚ್ಚಾಯಿತೆನ್ನಬಹುದು. ಆದರೆ ಪ್ರಶ್ನೆಯ ಸ್ವರೂಪವನ್ನು ಗಮನಿಸಬೇಕು. ತನ್ನ ಧರ್ಮದ ಮೂಲಪುರುಷನು ನಿಜವಾಗಿ ಚರಿತ್ರೆಯಲ್ಲಿ ಬಾಳಿದನೆ, ನಂಬಿದವರು ಮುಂದೆ ಬರೆದಿಟ್ಟದ್ದನ್ನು ಎಷ್ಟರಮಟ್ಟಿಗೆ ಪ್ರಮಾಣವೆನ್ನಬಹುದು ಎಂಬ ವಿವಾದ ಯುರೋಪಿನ ಕ್ರೈಸ್ತ ವಿದ್ವಾಂಸರನ್ನು ನೂರು ವರ್ಷಗಳಿಗೂ ಮೀರಿ ಕಾಡಿತ್ತು. ದೇವಜ್ಞಾನ ಓದಿದವರಿಗೆ ಅದು ಅಪರಿಚಿತವಲ್ಲ. ನೆರೆಯವರ ಮನೆಗೆ ಅದೇ ಪ್ರಶ್ನೆ ಬಂದಾಗ ದೂರ ನಿಂತು ನೋಡುವುದು ಅವರಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಇದು ಕ್ರೈಸ್ತತನದ ‘ಹೊರತಾಗಿಯೂ’ ನಡೆದ ಕೆಲಸವೆನ್ನುವುದು ಹೇಗೆ?

ನೆರೆಯ ಮಹಾರಾಷ್ಟ್ರದ ಎರಡು ಉದಾಹರಣೆಗಳನ್ನು ಪಕ್ಕದಲ್ಲಿಟ್ಟರೆ ಈ ಮಾರ್ಗದ ವೈಶಿಷ್ಟ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದ ಮರಾಠಿ ಕವಿ ನಾರಾಯಣ ವಾಮನ ಟಿಳಕರು ಅಭಂಗದ ಧಾಟಿಯಲ್ಲಿ ಕ್ರಿಸ್ತನನ್ನು ಹಾಡಿದರು. ತುಕಾರಾಮನ ಮೂಲಕವೇ ತಾವು ಕ್ರಿಸ್ತನ ಬಳಿಗೆ ಬಂದುದಾಗಿ ಹೇಳಿಕೊಂಡರು. ಕೊನೆಗೆ ಮಿಷನ್ನಿನ ಸಂಬಳವನ್ನೂ ಬಿಟ್ಟು ‘ದೇವಾಚಾ ದರಬಾರ’ ಎಂಬ ಬಯಲಿಗೆ ಬಂದರು. ಅವರ ಪತ್ನಿ ಲಕ್ಷ್ಮೀಬಾಯಿಯವರು ‘ಸ್ಮೃತಿಚಿತ್ರೆ’ಯಲ್ಲಿ ಚಿತ್ರಿಸಿರುವುದು ಇನ್ನೊಂದು ಮುಖ: ಗಂಡ ಹೋದ ದಾರಿಗೆ ಒಡನೆಯೇ ಹೋಗದೆ, ಮಡಿಮೈಲಿಗೆಯ ಭಾವನೆ ತನ್ನೊಳಗೇ ಕಳಚಿಬೀಳುವವರೆಗೆ ಕಾದ ಹೆಣ್ಣಿನ ಮುಖ. ಪಂಡಿತಾ ರಮಾಬಾಯಿಯವರಂತೂ ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಕನ್ನಡ ನೆಲದಲ್ಲಿಯೇ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದ ಅವರು ಅಲ್ಲಿಯೂ ಸಸ್ಯಾಹಾರವನ್ನು ಬಿಡಲಿಲ್ಲ. ಕ್ರಿಸ್ತನನ್ನು ಒಪ್ಪಿದೆನೆಂದರೆ ಆಂಗ್ಲಿಕನ್ ಸಭೆಯ ಎಲ್ಲ ಸಿದ್ಧಾಂತಗಳಿಗೂ ತಲೆಬಾಗಿದಂತಲ್ಲ ಎಂದು ತಮ್ಮನ್ನು ಪೊರೆದ ಸಂನ್ಯಾಸಿನಿಯರೊಡನೆಯೇ ವಾದಿಸಿದರು. ಟಿಳಕರು ಸಂಸ್ಥೆಯಿಂದ ಹೊರಬಂದರು, ರಮಾಬಾಯಿಯವರು ಕೇಡಗಾಂವಿನಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಉತ್ತಂಗಿಯವರು ಸಭೆಯೊಳಗಿದ್ದುಕೊಂಡೇ ಗ್ರಂಥಸಂಪಾದನೆಯನ್ನು ತಮ್ಮ ಬಯಲಾಗಿ ಮಾಡಿಕೊಂಡರು.

ಈ ಹೋಲಿಕೆ ಕೇವಲ ಚರಿತ್ರೆಯ ಕುತೂಹಲವಲ್ಲ. ಠಾಣೆ-ಬೇಲಾಪುರದ ಕೈಗಾರಿಕಾ ಪಟ್ಟಿಯ ಮಹಾಪೆಯಂಥ ಸ್ಥಳಗಳಿಗೆ, ಕಲ್ಯಾಣ-ಡೊಂಬಿವಿಲಿಗಳಿಗೆ ದುಡಿಮೆಗಾಗಿ ಹೋದ ಕನ್ನಡಿಗರಲ್ಲಿ ಕ್ರೈಸ್ತರೂ ಇದ್ದಾರೆ. ಅಲ್ಲಿ ನೆರೆಯ ಮರಾಠಿ ಸಭೆಯಲ್ಲಿ ಟಿಳಕರ ಹಾಡು ಕೇಳುತ್ತದೆ, ಮಕ್ಕಳ ಶಾಲೆಯ ಭಾಷೆ ಇಂಗ್ಲಿಷು, ಬೀದಿಯದು ಹಿಂದಿ. ಕನ್ನಡ ಉಳಿಯುವುದು ಎಷ್ಟೋ ಮನೆಗಳಲ್ಲಿ ರಾತ್ರಿಯ ಪ್ರಾರ್ಥನೆಯಲ್ಲಿ. ಒಂದು ಕಾಲಕ್ಕೆ ಕನ್ನಡ ಸಂಸ್ಕೃತಿಯಿಂದ ದೂರ ಒಯ್ಯುತ್ತದೆಂದು ಶಂಕಿಸಲಾದ ನಂಬಿಕೆಯೇ ಅಲ್ಲಿ ಕನ್ನಡದ ಕೊನೆಯ ಮನೆಯಾಗಿ ನಿಂತಿರುವುದು ವಿಚಿತ್ರವಾದರೂ ನಿಜ.

ಉತ್ತಂಗಿಯವರ ಮಾರ್ಗಕ್ಕೆ ಮಿತಿಯೂ ಇತ್ತು. ಅದು ಓದಿದವನ ಮಾರ್ಗ. ವಚನದಲ್ಲಿ ಕಂಡ ಸಮತೆ ಊರಿನ ಬಾವಿಯಲ್ಲಿ ಕಾಣದಿದ್ದಾಗ, ಸಭೆಯ ಪೀಠಗಳಲ್ಲಿಯೂ ಹಳೆಯ ಜಾತಿಯ ಸಾಲುಗಳು ಸದ್ದಿಲ್ಲದೆ ಉಳಿದುಕೊಂಡಾಗ, ಅಕ್ಷರ ಬಾರದ ವಿಶ್ವಾಸಿಗೆ ಗ್ರಂಥಸಂಪಾದನೆಯಿಂದ ದೊರೆಯುವ ನೆರವು ಅಲ್ಪ. ಮುತ್ತೈದೆಯ ಬಳೆ, ಹೂವು, ಕುಂಕುಮಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ತವರಿನ ಹಬ್ಬದ ಊಟಕ್ಕೆ ಹೋಗಬೇಕೆ ಬೇಡವೆ, ಸತ್ತ ತಂದೆಗೆ ಹಿರಿಯ ಮಗ ಏನು ಮಾಡಬೇಕು — ಇಂಥ ನಿರ್ಣಯಗಳನ್ನು ತೆಗೆದುಕೊಂಡವರು ಪುಸ್ತಕ ಬರೆದವರಲ್ಲ. ಅವರ ವಿವೇಕದ ದಾಖಲೆ ಸಭೆಗಳ ಹಳೆಯ ರಿಜಿಸ್ಟರುಗಳಲ್ಲಿ, ಪಾಶ್ಚಾತ್ಯ ಮಟ್ಟಿನ ಸ್ತೋತ್ರಗಳ ಪಕ್ಕದಲ್ಲಿಯೇ ದೇಶೀ ರಾಗತಾಳದ ಕೀರ್ತನೆಗಳನ್ನು ಕಟ್ಟಿಕೊಂಡ ಹಾಡಿನ ಪುಸ್ತಕಗಳಲ್ಲಿ, ಸಮಾಧಿಕಲ್ಲುಗಳ ಮೇಲಿನ ಹೆಸರುಗಳಲ್ಲಿ ಚದುರಿಕೊಂಡಿದೆ. ಕನ್ನಡ ವಿಭಾಗಗಳ ಸಂಶೋಧನ ವಿದ್ಯಾರ್ಥಿಗಳು ಶಾಸನಗಳಿಗೆ ಕೊಡುವ ಗಮನದ ಒಂದಂಶವನ್ನಾದರೂ ಈ ಸಾಮಗ್ರಿಗೆ ಕೊಡುವುದು ಯೋಗ್ಯ.

1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ಸೇರಿತು. ಹಿಂದಿನ ವರ್ಷದ ಸೆಪ್ಟೆಂಬರಿನವರೆಗೂ ನಿಜಾಮನ ಆಳಿಕೆಯಲ್ಲಿದ್ದ ಊರು. ಬಸವಣ್ಣನವರ ಕಲ್ಯಾಣ ಅಲ್ಲಿಂದ ದೂರವೇನೂ ಅಲ್ಲ. ಧರ್ಮದ ಹೆಸರಿನ ಹಿಂಸೆಯನ್ನು ಕಂಡು ಇನ್ನೂ ವರ್ಷ ತುಂಬದ ಆ ನೆಲದಲ್ಲಿ ಕನ್ನಡಿಗರು ಅಧ್ಯಕ್ಷಪೀಠದಲ್ಲಿ ಕೂರಿಸಿದ್ದು ದಾನಿಯೇಲಪ್ಪನವರ ಮಗ ಚನ್ನಪ್ಪನವರನ್ನು.