ಮಗಳ ಇಂಗ್ಲಿಷ್ ಪ್ರಬಂಧಕ್ಕೆ ನಮ್ಮ ನಡಾವಳಿ ಪುಸ್ತಕ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ಸಂಘಗಳಿಗೆ ಹೋದಾಗ ನಾವು ಸಾಲದ ಅರ್ಜಿಗಳನ್ನೂ ನೋಡುತ್ತೇವೆ. ಹಸು, ಹೊಲಿಗೆ ಯಂತ್ರ, ಆಲೂಗೆಡ್ಡೆ ಬಿತ್ತನೆ, ಇವುಗಳ ನಡುವೆ ಈಗೀಗ ಇನ್ನೊಂದು ಕಾರಣವೂ ಬರುತ್ತಿದೆ: "ಮಗಳ ಐ.ಇ.ಎಲ್.ಟಿ.ಎಸ್. ಪರೀಕ್ಷೆಗೆ." ನರ್ಸಿಂಗ್ ಮುಗಿಸಿದ ಹುಡುಗಿ ಬ್ರಿಟನ್‌ಗೋ ಬೇರೆ ದೇಶಕ್ಕೋ ಕೆಲಸಕ್ಕೆ ಹೋಗಬೇಕಾದರೆ ತನಗೆ ಇಂಗ್ಲಿಷ್ ಬರುತ್ತದೆ ಎಂದು ತೋರಿಸಬೇಕು. ಶುಲ್ಕವೇ ಹದಿನೈದು ಸಾವಿರ ರೂಪಾಯಿಗೂ ಮೇಲೆ. ಬೇಕಾದ ಅಂಕ ಬಾರದಿದ್ದರೆ ಮತ್ತೆ ಕಟ್ಟಬೇಕು. ತಾಯಿ ಮಾತ್ರ ಮೊದಲ ಸಾಲದ ಕಂತನ್ನೇ ಇನ್ನೂ ಕಟ್ಟುತ್ತಿರುತ್ತಾಳೆ.

ಕೇಳುವುದು, ಓದುವುದು, ಮಾತಾಡುವುದು ಹೇಗೋ ಆಗುತ್ತದೆ. ಹೆಚ್ಚಿನವರು ಎಡವುವುದು ಬರೆಯುವುದರಲ್ಲಿ. ಅಂಕ ಒಟ್ಟು 9. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಮೊದಲು ಬರವಣಿಗೆಗೂ 7 ಕೇಳುತ್ತಿತ್ತು. 2018ರ ಡಿಸೆಂಬರ್‌ನಿಂದ ಬರವಣಿಗೆಗೆ ಮಾತ್ರ 6.5 ಸಾಕು ಎಂದಿತು. ಬರೆಯಲು ಒಂದು ಗಂಟೆ, ಪ್ರಶ್ನೆ ಎರಡು. ಮೊದಲನೆಯದಕ್ಕೆ 150 ಪದ, ಎರಡನೆಯದಾದ ಪ್ರಬಂಧಕ್ಕೆ 250 ಪದ. ಪ್ರಬಂಧಕ್ಕೆ ಎರಡರಷ್ಟು ತೂಕ. ಆದ್ದರಿಂದ ಅದಕ್ಕೆ 40 ನಿಮಿಷ ಉಳಿಸಿಕೊಳ್ಳಲೇಬೇಕು.

ಮಕ್ಕಳು ಮಾಡುವ ದೊಡ್ಡ ತಪ್ಪು ಬಾಯಿಪಾಠ. ಯಾರೋ ಬರೆದ ಪ್ರಬಂಧಗಳ ಜೆರಾಕ್ಸ್ ಕಟ್ಟನ್ನು ಕೊಂಡು ರಾತ್ರಿಯೆಲ್ಲ ಉರು ಹೊಡೆಯುತ್ತಾರೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿದರೆ ಸಾಕು, ಬರೆದದ್ದಕ್ಕೂ ಕೇಳಿದ್ದಕ್ಕೂ ಸಂಬಂಧವೇ ಇರುವುದಿಲ್ಲ. ತಿದ್ದುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಅವರು ನೋಡುವುದು ನಾಲ್ಕು ವಿಷಯ: ಕೇಳಿದ್ದಕ್ಕೆ ಉತ್ತರ ಇದೆಯೇ, ಮಾತಿಗೆ ಮಾತು ಕೂಡಿದೆಯೇ, ಪದಗಳು ಸರಿಯೇ, ವ್ಯಾಕರಣ ಸರಿಯೇ. ಮೊದಲ ಎರಡಕ್ಕೆ ಬೇಕಾಗಿರುವುದು ಯೋಚನೆ. ಅದನ್ನು ಕನ್ನಡದಲ್ಲೇ, ಮನೆಯಲ್ಲೇ, ನಿಮ್ಮ ಜೊತೆಯಲ್ಲೇ ಕಲಿಯಬಹುದು!

ಹೇಗೆ ಅಂತೀರಾ? ನಮ್ಮ ನಡಾವಳಿ ಪುಸ್ತಕ ನೋಡಿ. ವಿಷಯ ಏನು, ಯಾರು ಏನು ಹೇಳಿದರು, ಯಾಕೆ, ಕೊನೆಗೆ ತೀರ್ಮಾನ ಏನು. ಪ್ರಬಂಧವೂ ಅಷ್ಟೇ. "ಸರ್ಕಾರ ತಂಬಾಕು ಬೆಳೆಯುವುದನ್ನು ನಿಲ್ಲಿಸಬೇಕೇ?" ಎಂಬ ಪ್ರಶ್ನೆ ಇಟ್ಟುಕೊಳ್ಳಿ. ಅರಕಲಗೂಡಿನ ಅಕ್ಕಂದಿರಿಗೆ ಇದರಲ್ಲಿ ಪಾಠ ಹೇಳುವವರು ಬೇಕೇ? ಬ್ಯಾರನ್ನಿಗೆ ಎಷ್ಟು ಸೌದೆ ಸುಡುತ್ತದೆ, ರಾತ್ರಿ ನಿದ್ದೆಗೆಟ್ಟು ಉರಿ ನೋಡುವವರು ಯಾರು, ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಹಣ ಒಟ್ಟಿಗೆ ಕೈಗೆ ಬರುತ್ತದೆ, ರಾಗಿ ಬೆಳೆದರೆ ಹಾಗೆ ಬರುತ್ತದೆಯೇ? ಮಗಳು ಕೇಳಲಿ, ನೀವು ಹೇಳಿ. ಆಮೇಲೆ ಅವಳು ಒಂದು ಪಕ್ಷ ಹಿಡಿಯಲಿ. ಮೊದಲ ಪ್ಯಾರಾದಲ್ಲೇ ಅದನ್ನು ಹೇಳಲಿ. ಮುಂದಿನ ಎರಡು ಪ್ಯಾರಾಗಳಲ್ಲಿ ಒಂದೊಂದು ಕಾರಣ, ಅದಕ್ಕೊಂದು ಉದಾಹರಣೆ. ಎದುರು ಮಾತಿಗೂ ಒಂದು ಉತ್ತರ. ಕೊನೆಯಲ್ಲಿ ಎರಡು ಸಾಲಿನ ತೀರ್ಮಾನ. ಹತ್ತು ಕಾರಣ ತುರುಕಿದರೆ ಯಾವುದೂ ನಿಲ್ಲುವುದಿಲ್ಲ.

ಯೋಚನೆ ಕನ್ನಡದ್ದಾದರೂ ವಾಕ್ಯ ಇಂಗ್ಲಿಷಿನದೇ ಆಗಬೇಕು. ನಾವು "ನಾವು ರಾಗಿ ಬೆಳೆಯುತ್ತೇವೆ" ಅಂತೀವಿ, ಕ್ರಿಯಾಪದ ಕೊನೆಗೆ. ಅವರದು "ವಿ ಗ್ರೋ ರಾಗಿ", ನಡುವೆ. "ಎ", "ದಿ" ಎಂಬ ಪುಟ್ಟ ಪದಗಳು ಕನ್ನಡದಲ್ಲಿ ಇಲ್ಲ, ಅದಕ್ಕೇ ಮಕ್ಕಳು ಅವನ್ನು ಬಿಟ್ಟುಬಿಡುತ್ತಾರೆ. ಚಿಕ್ಕ ವಾಕ್ಯಗಳನ್ನು ತಪ್ಪಿಲ್ಲದೆ ಬರೆಯುವುದನ್ನು ಮೊದಲು ರೂಢಿಸಿಕೊಳ್ಳಲಿ. ಉದ್ದದ ವಾಕ್ಯ ಆಮೇಲೆ. ಕೊನೆಯ ಐದು ನಿಮಿಷ ತಿದ್ದುವುದಕ್ಕೇ ಇರಲಿ.

ವಾರ್ಡಿನಲ್ಲಿ ಕೆಲಸ ಮಾಡಿದ ಹುಡುಗಿಯರಿಗೆ ಓ.ಇ.ಟಿ. ಎಂಬ ಇನ್ನೊಂದು ಪರೀಕ್ಷೆಯೂ ಇದೆ. ಅಲ್ಲಿ ಪ್ರಬಂಧವಿಲ್ಲ, ರೋಗಿಯ ವಿವರ ಓದಿ ಸುಮಾರು 180ರಿಂದ 200 ಪದದ ಪತ್ರ ಬರೆಯಬೇಕು. ಶುಲ್ಕ ಇನ್ನೂ ಹೆಚ್ಚು. ಯಾವುದನ್ನು ಒಪ್ಪುತ್ತಾರೆ ಎಂದು ಕೇಳಿಕೊಂಡೇ ಹಣ ಕಟ್ಟಿ. ಎರಡರ ಫಲಿತಾಂಶವೂ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ನಡೆಯುವುದರಿಂದ ನರ್ಸಿಂಗ್ ಓದುತ್ತಿರುವಾಗಲೇ ಅವಸರಪಟ್ಟು ಬರೆಸಬೇಡಿ.

ಮುಂದಿನ ಸಭೆಗೆ ಒಂದು ಕೆಲಸ. ಇಂಥ ಮಕ್ಕಳಿರುವವರು ಅವರನ್ನು ಕರೆತನ್ನಿ. "ಹೆಣ್ಣುಮಕ್ಕಳು ಕೆಲಸಕ್ಕೆ ಊರು ಬಿಟ್ಟು ಹೋಗುವುದು ಒಳ್ಳೆಯದೇ?" ಎಂಬ ವಿಷಯ ಚರ್ಚಿಸಿ. ನೀವು ಮಾತಾಡಿ, ಮಕ್ಕಳು ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಂಡು ಅಲ್ಲೇ ಕುಳಿತು 40 ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಬರೆಯಲಿ. ಊರಿನ ಇಂಗ್ಲಿಷ್ ಶಿಕ್ಷಕರೊಬ್ಬರಿಗೆ ತಿದ್ದಿಕೊಡಲು ಈಗಲೇ ಹೇಳಿಡಿ.