‘ಬಹುದು’ ಎಂಬುದರ ಅರ್ಥ: ಅಮೆರಿಕದ ಷೇರುಪೇಟೆಯ ಒಂದು ಅಧಿಕರಣ

‘ಮಾಡಬೇಕು’ ಎಂಬುದು ವಿಧಿ. ‘ಮಾಡಕೂಡದು’ ಎಂಬುದು ನಿಷೇಧ. ‘ಮಾಡಬಹುದು’ ಎಂಬುದು ಅನುಜ್ಞೆ. ಈ ಮೂರರ ಭೇದವನ್ನು ಪ್ರಾಥಮಿಕ ಶಾಲೆಯ ಬಾಲಕನೂ ಬಲ್ಲನು. ಆದರೂ ಲೋಕವ್ಯವಹಾರದಲ್ಲಿ, ಅದರಲ್ಲಿಯೂ ಹಣದ ವ್ಯವಹಾರದಲ್ಲಿ, ಬಲ್ಲವರೇ ಈ ಭೇದವನ್ನು ಮರೆಯುವುದುಂಟು. ಅಧಿಕಾರಸ್ಥರು ಒಪ್ಪಿದ್ದಾರೆಂಬ ಮಾತು ಕಿವಿಗೆ ಬಿದ್ದೊಡನೆ ಆ ವಸ್ತು ನಿರಪಾಯವೆಂದು ನಂಬುವುದು ಮನುಷ್ಯಸ್ವಭಾವ. ಅನುಜ್ಞೆಯನ್ನು ವಿಧಿಯೆಂದು ಭ್ರಮಿಸುವ ಈ ದೋಷವು ವಾಕ್ಯಾರ್ಥದಲ್ಲಿ ನಡೆದರೆ ಒಂದು ಅಂಕ ನಷ್ಟವಾದೀತು. ಬಾಳಿನ ಉಳಿತಾಯದಲ್ಲಿ ನಡೆದರೆ ಬಾಳೇ ನಷ್ಟವಾದೀತು.

ಇದಕ್ಕೆ ಉತ್ತಮ ನಿದರ್ಶನವೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ಷೇರುಪೇಟೆಯಲ್ಲಿ ದೊರೆಯುತ್ತದೆ. ಏರಿಳಿತದ ವಾಯಿದೆ ಒಪ್ಪಂದಗಳನ್ನು ಆಧರಿಸಿ ದಿನದ ಲಾಭನಷ್ಟವನ್ನು ಇಮ್ಮಡಿಗೊಳಿಸುವ ನಿಧಿಯೊಂದನ್ನು ವಿನಿಮಯ ಕೇಂದ್ರದ ಪಟ್ಟಿಗೆ ಸೇರಿಸಬಹುದೇ ಎಂಬ ಪ್ರಶ್ನೆಯನ್ನು ಅಲ್ಲಿನ ನಿಯಂತ್ರಕರು ಪರಿಶೀಲಿಸಿದರು. ವಿದೇಶದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳ ಕಣ್ಣಿಗೆ ಇಂತಹ ನಿಧಿಗಳು ಬೀಳುವುದು ಸಹಜವಾದುದರಿಂದ ವಿಷಯವು ಕೇವಲ ದೂರದ ವಾರ್ತೆಯಲ್ಲ. ಶಾಸ್ತ್ರಗ್ರಂಥಗಳಲ್ಲಿ ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ನಿರ್ಣಯ ಎಂಬ ಐದು ಅಂಗಗಳನ್ನು ಹೇಳಿದೆ. ಅದೇ ಕ್ರಮದಲ್ಲಿ ಈ ಪ್ರಕರಣವನ್ನು ಇಲ್ಲಿ ವಿವೇಚಿಸಲಾಗಿದೆ.

ವಿಷಯ

ಷೇರುಗಳ ಬೆಲೆ ಕುಸಿದರೂ ಗೊತ್ತುಪಡಿಸಿದ ದರಕ್ಕೆ ಮಾರುವ ಹಕ್ಕನ್ನು ಮುಂಚಿತವಾಗಿ ಹಣ ತೆತ್ತು ಪಡೆಯುವ ಪದ್ಧತಿಯೊಂದು ಪೇಟೆಯಲ್ಲಿದೆ. ಇದಕ್ಕೆ ಆಪ್ಷನ್ ಎಂದು ಹೆಸರು. ಬೆಳೆಗೆ ವಿಮೆ ಮಾಡಿಸಿದಂತೆ ಇದು ಷೇರಿಗೆ ಮಾಡಿಸಿದ ವಿಮೆ. ಜನರಲ್ಲಿ ಭಯ ಹೆಚ್ಚಿದಾಗ ಈ ಹಕ್ಕಿನ ಬೆಲೆಯೂ ಏರುತ್ತದೆ. ಆ ಬೆಲೆಗಳಿಂದ, ಮುಂದಿನ 30 ದಿನಗಳಲ್ಲಿ ಪೇಟೆ ಎಷ್ಟು ಏರಿಳಿಯಬಹುದೆಂದು ಜನ ನಿರೀಕ್ಷಿಸಿದ್ದಾರೆಂಬುದನ್ನು ಲೆಕ್ಕ ಹಾಕಿ ತೆಗೆದ ಸಂಖ್ಯೆಯೇ ವಿಕ್ಸ್ ಸೂಚ್ಯಂಕ. ರಾಬರ್ಟ್ ವೇಲಿ ಎಂಬ ವಿದ್ವಾಂಸರ ಕೃಷಿಯನ್ನು ಆಧರಿಸಿ ಷಿಕಾಗೋ ನಗರದ ಆಪ್ಷನ್ ವಿನಿಮಯ ಕೇಂದ್ರವು 1993ರಲ್ಲಿ ಇದನ್ನು ಪ್ರಕಟಿಸಲು ತೊಡಗಿತು. 2003ರಲ್ಲಿ ಲೆಕ್ಕದ ವಿಧಾನವನ್ನು ಪರಿಷ್ಕರಿಸಿ, 500 ದೊಡ್ಡ ಕಂಪನಿಗಳ ಎಸ್ ಅಂಡ್ ಪಿ ಸೂಚ್ಯಂಕಕ್ಕೆ ಅದನ್ನು ಹೊಂದಿಸಲಾಯಿತು. ನಮ್ಮ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಪ್ರಕಟಿಸುವ ಇಂಡಿಯಾ ವಿಕ್ಸ್ ಎಂಬುದೂ ಇದೇ ವಿಧಾನವನ್ನು ಅನುಸರಿಸಿದ್ದು.

ಜ್ವರಮಾಪಕವು ಜ್ವರವನ್ನು ತೋರಿಸುತ್ತದೆ; ಅದು ತೋರಿಸುವ ಅಂಕಿಯನ್ನು ಯಾರೂ ಕೊಂಡು ಮನೆಗೆ ಒಯ್ಯಲಾರರು. ವಿಕ್ಸ್ ಕೂಡ ಹಾಗೆಯೇ. ಅದು ಅಳತೆಯೇ ಹೊರತು ಸರಕಲ್ಲ. ಆದರೆ ಇಂತಹ ದಿನ ಈ ಅಂಕಿ ಎಷ್ಟಿರುವುದೆಂಬುದರ ಮೇಲೆ ವಾಯಿದೆ ಒಪ್ಪಂದ ಮಾಡಿಕೊಳ್ಳಬಹುದು. ಅಂತಹ ಒಪ್ಪಂದಗಳ ವ್ಯಾಪಾರ 2004ರ ಮಾರ್ಚ್ 26ರಂದು ಆರಂಭವಾಯಿತು. ಈ ಒಪ್ಪಂದಗಳನ್ನು ಒಂದೆಡೆ ಕೂಡಿಹಾಕಿ, ಅದರ ಅಂಶಗಳನ್ನು ಸಾಮಾನ್ಯ ಷೇರಿನಂತೆ ಮಾರುವುದು ಮುಂದಿನ ಹೆಜ್ಜೆ, ಇದೇ ಇ.ಟಿ.ಎಫ್. ಎನಿಸಿದ ನಿಧಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಧಿಯಲ್ಲಿರುವ ಹಣಕ್ಕಿಂತ ಹೆಚ್ಚಿನ ಮೊತ್ತದ ಒಪ್ಪಂದಗಳನ್ನು ಹಿಡಿದರೆ ಅದು ಸನ್ನೆಗೋಲು ಹಾಕಿದ ನಿಧಿಯಾಗುತ್ತದೆ. ಸನ್ನೆಗೋಲಿನಿಂದ ಚಿಕ್ಕವನೂ ದೊಡ್ಡ ಬಂಡೆಯನ್ನು ಮೀಟಬಲ್ಲನು; ಕೋಲು ಜಾರಿದರೆ ಬೀಳುವ ಪೆಟ್ಟೂ ಅಷ್ಟೇ ದೊಡ್ಡದು.

2020ರಲ್ಲಿ ಸಿಬೋ ಬಿ.ಝಡ್.ಎಕ್ಸ್. ಎಂಬ ವಿನಿಮಯ ಕೇಂದ್ರವು ವೊಲಟಿಲಿಟಿ ಷೇರ್ಸ್ ಎಂಬ ಸಂಸ್ಥೆಯ ಎರಡು ನಿಧಿಗಳನ್ನು ತನ್ನ ಪಟ್ಟಿಗೆ ಸೇರಿಸಲು ಅನುಮತಿ ಕೋರಿತು. ಒಂದು, ವಿಕ್ಸ್ ವಾಯಿದೆಯ ದಿನದ ಚಲನೆಯ ಎರಡರಷ್ಟನ್ನು ಕೊಡುವುದು. ಇನ್ನೊಂದು, ಆ ಚಲನೆಯ ವಿರುದ್ಧ ದಿಕ್ಕಿನಲ್ಲಿ ಒಂದರಷ್ಟನ್ನು ಕೊಡುವುದು.

ಸಂಶಯ

ಇವನ್ನು ಪಟ್ಟಿಗೆ ಸೇರಿಸಬಹುದೇ, ಕೂಡದೇ? ಇದನ್ನು ತೀರ್ಮಾನಿಸುವ ಅಧಿಕಾರವು ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ ಎಂಬ ಆಯೋಗದ್ದು. ಆಧಾರವಾದದ್ದು 1934ರ ಕಾಯಿದೆ. ವಿನಿಮಯ ಕೇಂದ್ರವು ಹೊಸ ಬಗೆಯ ವಸ್ತುವನ್ನು ಮಾರಲು ತನ್ನ ನಿಯಮವನ್ನು ಬದಲಿಸಬೇಕಾದರೆ, ಆ ಕಾಯಿದೆಯ 19ನೆಯ ಪ್ರಕರಣದಂತೆ ಆಯೋಗಕ್ಕೆ ಅರ್ಜಿ ಸಲ್ಲಿಸಬೇಕು. ಅರ್ಜಿಯನ್ನು ಸರಕಾರದ ಗೆಜೆಟ್ಟಿನಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. 45 ದಿನಗಳಲ್ಲಿ ತೀರ್ಮಾನವಾಗಬೇಕು. ಅದನ್ನು 90 ದಿನಗಳಿಗೆ ವಿಸ್ತರಿಸಬಹುದು. ವಿಧ್ಯುಕ್ತ ವಿಚಾರಣೆ ತೊಡಗಿದರೆ 180, ಹೆಚ್ಚೆಂದರೆ 240 ದಿನಗಳವರೆಗೆ ಸಾಗಬಹುದು. ಆಯೋಗವು ಅವಧಿ ಮೀರಿಯೂ ಮೌನವಾಗಿದ್ದರೆ ಒಪ್ಪಿದಂತೆಯೇ ಲೆಕ್ಕ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ನಮ್ಮವರ ಮಾತು ಅಲ್ಲಿ ಶಾಸನವೇ ಆಗಿದೆ.

ಪೂರ್ವಪಕ್ಷ

ಅನುಮತಿ ಕೂಡದು ಎನ್ನುವವರ ವಾದ ದುರ್ಬಲವಾದುದಲ್ಲ. ಅದರಲ್ಲಿ ಮೂರು ಎಳೆಗಳಿವೆ.

ಮೊದಲನೆಯದು ಗಣಿತ. ಸೂಚ್ಯಂಕವು 100ರಲ್ಲಿದೆ ಎನ್ನೋಣ. ಮೊದಲ ದಿನ ಶೇಕಡಾ 20ರಷ್ಟು ಇಳಿದು 80 ಆಯಿತು; ಮರುದಿನ ಶೇಕಡಾ 25ರಷ್ಟು ಏರಿ ಪುನಃ 100 ಆಯಿತು. ಸೂಚ್ಯಂಕಕ್ಕೆ ಲಾಭವಿಲ್ಲ, ನಷ್ಟವಿಲ್ಲ. ದಿನದ ಎರಡರಷ್ಟನ್ನು ಕೊಡುವ ನಿಧಿಯ ಗತಿಯೇನು? ಮೊದಲ ದಿನ ಶೇಕಡಾ 40 ಇಳಿದು 60. ಮರುದಿನ ಶೇಕಡಾ 50 ಏರಿ 90. ಹತ್ತು ಹೋಯಿತು. ಇದೇ ಏರಿಳಿತ ಮೂರು ಸಲ ನಡೆದರೆ ಸೂಚ್ಯಂಕ 100ರಲ್ಲಿಯೇ ಇರುತ್ತದೆ, ನಿಧಿ 72.9ಕ್ಕೆ ಇಳಿದಿರುತ್ತದೆ. ಇದರಲ್ಲಿ ಮೋಸವಿಲ್ಲ. ನಿಧಿಯು ದಿನದ ಇಮ್ಮಡಿಯನ್ನು ವಾಗ್ದಾನ ಮಾಡಿದೆ, ದಿನದಿನವೂ ಕೊಟ್ಟಿದೆ. ತಿಂಗಳ ಇಮ್ಮಡಿಯನ್ನು ಅದು ವಾಗ್ದಾನ ಮಾಡಿಯೇ ಇರಲಿಲ್ಲ. ಇದರ ಜೊತೆಗೆ ವಾಯಿದೆ ತೀರುತ್ತ ಬಂದ ಒಪ್ಪಂದವನ್ನು ಮಾರಿ ಮುಂದಿನ ತಿಂಗಳಿನದನ್ನು ಕೊಳ್ಳುತ್ತಿರಬೇಕು. ಪೇಟೆ ಶಾಂತವಾಗಿರುವಾಗ ಮುಂದಿನದು ಸಾಮಾನ್ಯವಾಗಿ ತುಟ್ಟಿ. ಕಾಲ ಸರಿದಂತೆ ಅದರ ಬೆಲೆಯೂ ಇಳಿಯುತ್ತ ಬರುತ್ತದೆ. ಸೋರುವ ಕೊಡಕ್ಕೆ ಇದು ಎರಡನೆಯ ತೂತು.

ಎರಡನೆಯದು ಪೇಟೆಯ ಮೇಲಣ ಪರಿಣಾಮ. ಇಮ್ಮಡಿ ನಿಧಿಯಲ್ಲಿ 100 ಡಾಲರಿದ್ದರೆ ಅದು 200 ಡಾಲರಿನ ಒಪ್ಪಂದ ಹಿಡಿದಿರುತ್ತದೆ. ವಾಯಿದೆ ಬೆಲೆ ಶೇಕಡಾ 20 ಏರಿದರೆ ಒಪ್ಪಂದದ ಮೌಲ್ಯ 240, ನಿಧಿಯ ಹಣ 140. ನಾಳೆಗೆ ಪುನಃ ಇಮ್ಮಡಿಯಾಗಬೇಕಾದರೆ 280 ಬೇಕು. ಆದುದರಿಂದ ಅಂದೇ 40ರಷ್ಟು ಕೊಳ್ಳಬೇಕು. ಇನ್ನು ವಿರುದ್ಧ ದಿಕ್ಕಿನ ನಿಧಿಯನ್ನು ನೋಡೋಣ. ಅದು 100ರ ಒಪ್ಪಂದವನ್ನು ಮಾರಿ ಕುಳಿತಿದೆ. ಬೆಲೆ ಶೇಕಡಾ 20 ಏರಿದಾಗ ಮಾರಿದುದರ ಹೊಣೆ 120 ಆಗುತ್ತದೆ, ನಿಧಿಯ ಹಣ 80ಕ್ಕೆ ಇಳಿಯುತ್ತದೆ. ಸರಿದೂಗಿಸಲು ಅದೂ 40ರಷ್ಟನ್ನು ಕೊಳ್ಳಲೇಬೇಕು. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಮುಖ ಮಾಡಿದಂತೆ ತೋರುವ ಈ ಎರಡು ನಿಧಿಗಳು ದಿನದ ಕೊನೆಯಲ್ಲಿ ಒಂದೇ ದಿಕ್ಕಿಗೆ ಓಡುತ್ತವೆ. ಬೆಲೆ ಏರಿದ ದಿನ ಎರಡೂ ಕೊಳ್ಳುತ್ತವೆ. ಇಳಿದ ದಿನ ಎರಡೂ ಮಾರುತ್ತವೆ. ಒಂದರ ಭಾರವನ್ನು ಇನ್ನೊಂದು ಕಳೆಯುವುದಿಲ್ಲ, ಕೂಡಿಸುತ್ತದೆ.

ಮೂರನೆಯದು ಅನುಭವ. 2018ರ ಫೆಬ್ರವರಿ 5ರಂದು ಎಸ್ ಅಂಡ್ ಪಿ ಸೂಚ್ಯಂಕ ಸುಮಾರು ಶೇಕಡಾ 4ರಷ್ಟು ಕುಸಿಯಿತು. ವಿಕ್ಸ್ 17.31ರಿಂದ 37.32ಕ್ಕೆ ಜಿಗಿಯಿತು. ಒಂದೇ ದಿನದಲ್ಲಿ ಅದು ಅಷ್ಟು ಪ್ರಮಾಣದಲ್ಲಿ ಏರಿದುದು ಅದುವರೆಗೆ ಇರಲಿಲ್ಲ. ಮೇಲೆ ಹೇಳಿದ ಸರಿದೂಗಿಸುವ ಕೊಳ್ಳುವಿಕೆಯೆಲ್ಲ ದಿನದ ಅಂತ್ಯದ ಕೆಲವೇ ನಿಮಿಷಗಳಲ್ಲಿ ನುಗ್ಗಿತು. ವಿಕ್ಸ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಎಕ್ಸ್.ಐ.ವಿ.’ ಎಂದು ಕರೆದಿದ್ದ, ಕ್ರೆಡಿಟ್ ಸ್ವಿಸ್ ಬ್ಯಾಂಕು ಹೊರಡಿಸಿದ್ದ ವಿರುದ್ಧ ದಿಕ್ಕಿನ ಪತ್ರವು ಆ ಒಂದು ಸಂಜೆಯಲ್ಲಿ ತನ್ನ ಮೌಲ್ಯದ ಶೇಕಡಾ 90ಕ್ಕೂ ಹೆಚ್ಚನ್ನು ಕಳೆದುಕೊಂಡಿತು. ಅದೇ ತಿಂಗಳು ಅದನ್ನು ಮುಚ್ಚಲಾಯಿತು. ಮುಂಜಾನೆ ಧನಿಕನಾಗಿದ್ದವನು ಇರುಳಿಗೆ ಬರಿಗೈಯಾದನು. ಆ ಪತ್ರವೂ ವಿನಿಮಯ ಕೇಂದ್ರದ ಪಟ್ಟಿಯಲ್ಲಿದ್ದುದೇ ಎಂಬುದನ್ನು ಮರೆಯಬಾರದು.

ಸಿದ್ಧಾಂತ

ಇಷ್ಟಾದರೂ ಅನುಮತಿ ದೊರೆಯಿತು. ಏಕೆ? ಉತ್ತರವು ಕಾಯಿದೆಯ ಪದಗಳಲ್ಲಿಯೇ ಇದೆ. ವಿನಿಮಯ ಕೇಂದ್ರದ ನಿಯಮಗಳು ವಂಚನೆ ಮತ್ತು ಕೃತ್ರಿಮ ವ್ಯವಹಾರಗಳನ್ನು ತಡೆಯುವಂತಿರಬೇಕು, ಹೂಡಿಕೆದಾರರ ಹಾಗೂ ಸಾರ್ವಜನಿಕರ ಹಿತವನ್ನು ಕಾಯುವಂತಿರಬೇಕು ಎಂದು ಅದರ 6ನೆಯ ಪ್ರಕರಣ ಹೇಳುತ್ತದೆ. ಪ್ರಸ್ತಾಪಿತ ನಿಯಮವು ಇದಕ್ಕೆ ಅನುಗುಣವಾಗಿದ್ದರೆ ಆಯೋಗವು ಅದನ್ನು ಒಪ್ಪಲೇಬೇಕು. ಈ ನಿಧಿ ಒಳ್ಳೆಯದೋ ಕೆಟ್ಟದೋ, ಇದರಿಂದ ಲಾಭವಾದೀತೋ ನಷ್ಟವಾದೀತೋ ಎಂದು ತೂಗಿ ನೋಡುವ ಭಾರವನ್ನು ಕಾಯಿದೆ ಆಯೋಗದ ಮೇಲೆ ಹೊರಿಸಿಲ್ಲ. ಅಪಾಯವನ್ನು ಮರೆಮಾಚದೆ ಹೇಳಿದ್ದಾರೆಯೇ, ಪೇಟೆಯ ಮೇಲೆ ಕಾವಲು ಇದೆಯೇ ಎಂಬುದೇ ಅಲ್ಲಿನ ಮುಖ್ಯ ಪರೀಕ್ಷೆ.

ಪೂರ್ವಪಕ್ಷದ ಆಕ್ಷೇಪಗಳಿಗೆ ಸಮಾಧಾನವೂ ಸ್ವಲ್ಪಮಟ್ಟಿಗೆ ಇತ್ತು. ಹೊಸ ನಿಧಿಗಳ ದಿನದ ಮೌಲ್ಯವನ್ನು ಒಂದು ಕ್ಷಣದ ಬೆಲೆಗೆ ಕಟ್ಟದೆ, 3-45ರಿಂದ 4 ಗಂಟೆಯವರೆಗಿನ 15 ನಿಮಿಷಗಳ ಸರಾಸರಿ ವಾಯಿದೆ ಬೆಲೆಗೆ ಹೊಂದಿಸಲಾಗಿತ್ತು; ಇದರಿಂದ ಎಲ್ಲರೂ ಒಂದೇ ಬಾಗಿಲಿಗೆ ಒಮ್ಮೆಗೇ ನುಗ್ಗುವ ಅಪಾಯ ತಗ್ಗುತ್ತದೆ. ಹಳೆಯ ನಿಧಿಗಳಲ್ಲಿಯೂ ತಿದ್ದುಪಡಿಯಾಗಿತ್ತು. ಪ್ರೋಷೇರ್ಸ್ ಸಂಸ್ಥೆಯು 2018ರ ಫೆಬ್ರವರಿ ಅಂತ್ಯದಲ್ಲಿ ತನ್ನ ಇಮ್ಮಡಿ ನಿಧಿಯನ್ನು ಒಂದೂವರೆಗೂ, ವಿರುದ್ಧ ದಿಕ್ಕಿನ ನಿಧಿಯನ್ನು ಅರ್ಧಕ್ಕೂ ಇಳಿಸಿತು. ಮೇಲಿನ ಲೆಕ್ಕವನ್ನೇ ಪುನಃ ಮಾಡಿದರೆ, 40ರಷ್ಟು ಕೊಳ್ಳಬೇಕಾಗಿದ್ದ ಕಡೆ ಈಗ ಎರಡಕ್ಕೂ 15 ಸಾಕು. ಸನ್ನೆಗೋಲನ್ನು ಸ್ವಲ್ಪವೇ ಗಿಡ್ಡ ಮಾಡಿದರೂ ಒತ್ತಡ ಎಷ್ಟು ಕುಗ್ಗುವುದೆಂಬುದಕ್ಕೆ ಇದು ಸಾಕ್ಷಿ.

ಆಯೋಗದ ಮನಸ್ಸಿನಲ್ಲಿ ಶಂಕೆ ಇರಲಿಲ್ಲವೆಂದಲ್ಲ. 2017ರ ಮೇ ತಿಂಗಳಲ್ಲಿ, ಎಸ್ ಅಂಡ್ ಪಿ ವಾಯಿದೆಯ ದಿನದ ಚಲನೆಯ ನಾಲ್ಕರಷ್ಟನ್ನು ಕೊಡುವ ನಿಧಿಗೆ ಅಧಿಕಾರಿವರ್ಗ ಕೊಟ್ಟ ಒಪ್ಪಿಗೆಯನ್ನು ಆಯೋಗವೇ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ವಿಕ್ಸ್ ನಿಧಿಗಳಿಗೆ ಅನುಮತಿ ದೊರೆತ 2021ರಲ್ಲಿಯೇ, ಅಕ್ಟೋಬರ್ 4ರಂದು, ಆಗಿನ ಅಧ್ಯಕ್ಷ ಗ್ಯಾರಿ ಗೆನ್ಸ್ಲರ್ ಇಂತಹ ಜಟಿಲ ಪತ್ರಗಳು ಹೂಡಿಕೆದಾರರಿಗೂ ಪೇಟೆಗೂ ಒಡ್ಡುವ ಅಪಾಯವನ್ನು ಅಧ್ಯಯನ ಮಾಡಲು ಸಿಬ್ಬಂದಿಗೆ ಸೂಚಿಸಿರುವುದಾಗಿ ಪ್ರಕಟಿಸಿದರು. ಒಪ್ಪಿದ ಸಂಸ್ಥೆಯ ಮುಖ್ಯಸ್ಥರೇ ಎಚ್ಚರಿಕೆ ನುಡಿದರು. ಎರಡು ನಿಧಿಗಳ ವ್ಯಾಪಾರ 2022ರ ಮಾರ್ಚ್ ಅಂತ್ಯದಲ್ಲಿ ಆರಂಭವಾಯಿತು.

ನಿರ್ಣಯ

ಒಪ್ಪಿದ್ದೂ ಎಚ್ಚರಿಸಿದ್ದೂ ಪರಸ್ಪರ ವಿರುದ್ಧವೇ? ಅಲ್ಲ. ಇಲ್ಲಿ ಎರಡು ವಾಕ್ಯಗಳಿವೆ, ಎರಡಕ್ಕೂ ಕರ್ತೃ ಬೇರೆ. ನಿಯಮ ಸರಿಯಾಗಿದ್ದರೆ ಆಯೋಗವು ‘ಒಪ್ಪಬೇಕು’. ಒಪ್ಪಿದ ಮೇಲೆ ಜನರು ‘ಕೊಳ್ಳಬಹುದು’. ಆಯೋಗಕ್ಕೆ ಅನ್ವಯಿಸುವ ‘ಬೇಕು’ ಎಂಬುದನ್ನು ಕೊಳ್ಳುವವನು ತನಗೆ ಅನ್ವಯಿಸಿಕೊಂಡಾಗ ಅನರ್ಥ ಹುಟ್ಟುತ್ತದೆ. ಅಂಗಡಿ ತೆರೆಯಲು ಪುರಸಭೆ ಪರವಾನಗಿ ಕೊಟ್ಟಿತೆಂದರೆ ಅಲ್ಲಿನ ಸರಕನ್ನೆಲ್ಲ ಕೊಳ್ಳಿರೆಂದು ಪುರಸಭೆ ಡಂಗುರ ಹೊಡೆಸಿದಂತಾಗಲಿಲ್ಲ.

ಅಮೆರಿಕದಲ್ಲಿ ದಲ್ಲಾಳಿ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಫಿನ್ರಾ ಎಂಬ ಸಂಸ್ಥೆಯು 2009ರ ಜೂನ್ ತಿಂಗಳಲ್ಲಿಯೇ ದಲ್ಲಾಳಿಗಳಿಗೆ ಸೂಚನೆ ಹೊರಡಿಸಿತ್ತು: ದಿನದಿನವೂ ಸರಿದೂಗಿಸುವ ಇಂತಹ ನಿಧಿಗಳು, ಒಂದು ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ಸಾಮಾನ್ಯ ಹೂಡಿಕೆದಾರರಿಗೆ ಸಾಮಾನ್ಯವಾಗಿ ತಕ್ಕುವಲ್ಲ. ಒಂದು ದಿನದ ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳವನಿಗೆ ಅವು ಉಪಕರಣಗಳು. ಮಗಳ ಮದುವೆಗೆಂದು, ನಿವೃತ್ತಿಯ ಕಾಲಕ್ಕೆಂದು, ಬಡ ವಿದ್ಯಾರ್ಥಿಗಳ ಪ್ರಸಾದನಿಲಯದ ದತ್ತಿಗೆಂದು ತೆಗೆದಿಟ್ಟ ಹಣಕ್ಕೆ ಒಂದು ದಿನದ ಲೆಕ್ಕ ಸಲ್ಲದು; ಅದು ವರುಷಗಳ, ತಲೆಮಾರುಗಳ ಲೆಕ್ಕ.

ಗಣಿತದ ಅಧ್ಯಾಪಕರು 100, 60, 90 ಎಂಬ ಆ ಮೂರು ಸಂಖ್ಯೆಗಳನ್ನು ಶೇಕಡಾವಾರು ಪಾಠದ ದಿನ ಕರಿಹಲಗೆಯ ಮೇಲೆ ಬರೆದು ತೋರಿಸಬಹುದು. ಭಾಷೆಯ ಅಧ್ಯಾಪಕರು ‘ಬೇಕು’, ‘ಬಹುದು’ ಎಂಬ ಎರಡು ಪದಗಳನ್ನು ಅದರ ಪಕ್ಕದಲ್ಲಿ ಬರೆಯಬಹುದು. ಈ ಎರಡು ಪಾಠಗಳನ್ನು ಕೂಡಿಸಿ ಓದಬಲ್ಲ ವಿದ್ಯಾರ್ಥಿಯು ಮುಂದೆ ಯಾವ ದೇಶದ ಯಾವ ಪೇಟೆಯಲ್ಲಿ ನಿಂತರೂ ಮುದ್ರೆಯನ್ನು ಮಾತ್ರ ನೋಡಿ ಮೋಸಹೋಗನು. ಮುದ್ರೆಯ ಕೆಳಗೆ ಏನು ಬರೆದಿದೆಯೆಂದು ಓದುವನು.