ಸ್ಲೈಡ್ ಪ್ರದರ್ಶನಕ್ಕೆ ಆಡ್-ಇನ್ ತಂತ್ರಾಂಶ: ಅಂದವೆಷ್ಟು, ಅಗತ್ಯವೆಷ್ಟು?

ಸರಕನ್ನು ಚೆನ್ನಾಗಿ ತಯಾರಿಸುವುದು ಒಂದು ವಿದ್ಯೆಯಾದರೆ, ಅದರ ಗುಣವನ್ನು ಅನ್ಯರಿಗೆ ಮನಗಾಣಿಸುವುದು ಇನ್ನೊಂದು ವಿದ್ಯೆ. ಗೋಕುಲ ರಸ್ತೆ, ತಾರಿಹಾಳ ಹಾಗೂ ಬೇಲೂರು ಕೈಗಾರಿಕಾ ಪ್ರದೇಶಗಳ ಅನೇಕ ಉದ್ದಿಮೆದಾರರು ಮೊದಲನೆಯದರಲ್ಲಿ ನಿಷ್ಣಾತರು. ಆದರೆ ಬ್ಯಾಂಕಿನ ಅಧಿಕಾರಿಗಳ ಮುಂದೆ, ಪರವೂರಿನ ಖರೀದಿದಾರರ ಮುಂದೆ ಅಥವಾ ಬಂಡವಾಳ ಹೂಡಲು ಬಂದವರ ಮುಂದೆ ನಿಂತಾಗ ಅವರಿಗೆ ದೊರೆಯುವುದು ಹತ್ತು ಹದಿನೈದು ನಿಮಿಷಗಳು ಮಾತ್ರ. 2020ರ ಫೆಬ್ರವರಿ 14ರಂದು ಹುಬ್ಬಳ್ಳಿಯಲ್ಲಿ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶ ನಡೆದಿತ್ತು. ಅಂತಹ ಸಮಾವೇಶಗಳಲ್ಲಿ ಯೋಜನೆಯ ಕಡತಕ್ಕಿಂತ ಮೊದಲು ಜನರ ಕಣ್ಣಿಗೆ ಬೀಳುವುದು ಪರದೆಯ ಮೇಲಿನ ಸ್ಲೈಡು. ಆದುದರಿಂದ ಸ್ಲೈಡ್ ಪ್ರದರ್ಶನಕ್ಕೆ ದೃಶ್ಯ ಪರಿಣಾಮಗಳನ್ನು ಒದಗಿಸುವ ಆಡ್-ಇನ್ ತಂತ್ರಾಂಶಗಳ ಉಪಯೋಗ ಮತ್ತು ಮಿತಿಗಳನ್ನು ಉದ್ದಿಮೆದಾರರು ಅರಿತಿರುವುದು ಒಳಿತು.

ಬೆಳೆದು ಬಂದ ಬಗೆ

ಪವರ್ ಪಾಯಿಂಟ್ ತಂತ್ರಾಂಶವು ಹುಟ್ಟಿದ್ದು ಫೋರ್‌ಥಾಟ್ ಎಂಬ ಅಮೆರಿಕದ ಸಣ್ಣ ಕಂಪನಿಯಲ್ಲಿ. ರಾಬರ್ಟ್ ಗ್ಯಾಸ್ಕಿನ್ಸ್ ಹಾಗೂ ಡೆನ್ನಿಸ್ ಆಸ್ಟಿನ್ ಅವರು ರೂಪಿಸಿದ ಈ ತಂತ್ರಾಂಶವು 1987ರಲ್ಲಿ ಮೆಕಿಂಟೋಷ್ ಗಣಕಯಂತ್ರಕ್ಕಾಗಿ ಬಿಡುಗಡೆಯಾಯಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯು ಆ ಕಂಪನಿಯನ್ನು 1.4 ಕೋಟಿ ಡಾಲರಿಗೆ ಕೊಂಡುಕೊಂಡಿತು. ವಿಂಡೋಸ್ ಆವೃತ್ತಿ ಬಂದದ್ದು 1990ರಲ್ಲಿ. ಪ್ರಾರಂಭದಲ್ಲಿ ಇದರ ಉದ್ದೇಶ ಪಾರದರ್ಶಕ ಹಾಳೆಗಳನ್ನು ಮುದ್ರಿಸಿ ಓವರ್‌ಹೆಡ್ ಪ್ರೊಜೆಕ್ಟರ್ ಮೇಲೆ ಇಡುವುದಷ್ಟೇ ಆಗಿತ್ತು. ಗಣಕಯಂತ್ರದಿಂದ ನೇರವಾಗಿ ಪರದೆಗೆ ಬಿಂಬ ಬೀಳತೊಡಗಿದ ಮೇಲೆ ಚಿತ್ರ, ಅಕ್ಷರಗಳಿಗೆ ಚಲನೆ ಕೊಡುವ ಬಯಕೆಯೂ ಬೆಳೆಯಿತು. 2002ರ ಆವೃತ್ತಿಯಲ್ಲಿ ವಸ್ತುವೊಂದನ್ನು ನಿಗದಿತ ಪಥದಲ್ಲಿ ಚಲಿಸುವಂತೆ ಮಾಡುವ ಸೌಲಭ್ಯ ದೊರೆಯಿತು. ಮೂಲ ತಂತ್ರಾಂಶದಲ್ಲಿ ಇಲ್ಲದ್ದನ್ನು ಪೂರೈಸಲು ಇತರ ಕಂಪನಿಗಳು ಆಡ್-ಇನ್‌ಗಳನ್ನು ಮಾರುಕಟ್ಟೆಗೆ ತಂದವು.

ಆಡ್-ಇನ್ ಎಂದರೇನು?

ಟ್ರ್ಯಾಕ್ಟರಿಗೆ ನೇಗಿಲು, ಕುಂಟೆ, ಟ್ರಾಲಿಗಳನ್ನು ಬೇಕಾದಾಗ ಜೋಡಿಸಿ, ಬೇಡವಾದಾಗ ಬಿಚ್ಚಿಡುವುದು ಎಲ್ಲರಿಗೂ ಗೊತ್ತು. ಎಂಜಿನು ಒಂದೇ, ಜೋಡಣೆಯಿಂದ ಕೆಲಸ ಬದಲಾಗುತ್ತದೆ. ಆಡ್-ಇನ್ ಕೂಡ ಅಂತಹ ಒಂದು ಜೋಡಣೆ. ಅದು ಸ್ವತಂತ್ರವಾಗಿ ನಡೆಯುವುದಿಲ್ಲ. ಪವರ್ ಪಾಯಿಂಟ್ ತೆರೆದಾಗ ಅದರೊಳಗೆ ಹೊಸ ಗುಂಡಿಯಾಗಿಯೋ ಹೊಸ ಪಟ್ಟಿಯಾಗಿಯೋ ಕಾಣಿಸಿಕೊಳ್ಳುತ್ತದೆ. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಇಂಪ್ರೆಸ್ ತಂತ್ರಾಂಶಕ್ಕೂ ‘ಎಕ್ಸ್‌ಟೆನ್ಷನ್’ ಎಂಬ ಹೆಸರಿನಲ್ಲಿ ಇಂತಹ ಜೋಡಣೆಗಳಿವೆ.

ಖರೀದಿಸುವ ಮುನ್ನ ಇವುಗಳಲ್ಲಿ ಮೂರು ಬಗೆಗಳಿರುವುದನ್ನು ಗಮನಿಸಬೇಕು.

ಮೊದಲನೆಯದು, ಸ್ಲೈಡಿನಲ್ಲಿ ಸಾಮಾನ್ಯ ಆಕೃತಿಗಳನ್ನೇ ರಚಿಸಿಕೊಡುವ ಬಗೆ. ಕಾಲಾನುಕ್ರಮದ ಪಟ್ಟಿಗಳನ್ನು ರಚಿಸುವ ‘ಆಫೀಸ್ ಟೈಮ್‌ಲೈನ್’ ಹಾಗೂ ನಕ್ಷೆಗಳನ್ನು ರಚಿಸುವ ‘ಥಿಂಕ್-ಸೆಲ್’ ಇದಕ್ಕೆ ಉದಾಹರಣೆ. ಇವುಗಳಿಂದ ತಯಾರಿಸಿದ ಸ್ಲೈಡನ್ನು ಆಡ್-ಇನ್ ಇಲ್ಲದ ಗಣಕಯಂತ್ರದಲ್ಲಿಯೂ ತೋರಿಸಬಹುದು.

ಎರಡನೆಯದು, ಪ್ರದರ್ಶನದ ವೇಳೆಯಲ್ಲಿಯೂ ಆಡ್-ಇನ್ ಇರಲೇಬೇಕಾದ ಬಗೆ. ತನ್ನದೇ ಆದ ವಿಶೇಷ ಚಲನೆಗಳನ್ನು ಪರದೆಗೆ ತರುವ ತಂತ್ರಾಂಶಗಳು ಹೆಚ್ಚಾಗಿ ಈ ಗುಂಪಿಗೆ ಸೇರುತ್ತವೆ. ಕಚೇರಿಯಲ್ಲಿ ಸೊಗಸಾಗಿ ನಡೆದ ಪ್ರದರ್ಶನವು ಸಭಾಭವನದ ಗಣಕಯಂತ್ರದಲ್ಲಿ ಮುಗ್ಗರಿಸುವುದು ಬಹುಮಟ್ಟಿಗೆ ಈ ಕಾರಣದಿಂದಲೇ.

ಮೂರನೆಯದು, ಅಂತರ್ಜಾಲ ಸಂಪರ್ಕ ಬೇಕಾಗುವ ಬಗೆ. ಸಭಿಕರು ತಮ್ಮ ಮೊಬೈಲಿನಿಂದ ಉತ್ತರಿಸಿದೊಡನೆ ಪರದೆಯ ಮೇಲೆ ಫಲಿತಾಂಶ ಮೂಡಿಸುವ ‘ಮೆಂಟಿಮೀಟರ್’ ಇಂತಹುದು. ಸಭಾಭವನದಲ್ಲಿ ಸಂಪರ್ಕ ದುರ್ಬಲವಾಗಿದ್ದರೆ ಇದರ ಪ್ರಯೋಜನವಿಲ್ಲ.

ಮನೆಯಲ್ಲಿರುವುದನ್ನು ಮೊದಲು ನೋಡಬೇಕು

ಹಿಂದೆ ಆಡ್-ಇನ್‌ಗಾಗಿ ಹಣ ತೆರಬೇಕಾಗಿದ್ದ ಹಲವು ಪರಿಣಾಮಗಳು ಈಗ ಮೂಲ ತಂತ್ರಾಂಶದಲ್ಲಿಯೇ ಸೇರಿವೆ. ಇವುಗಳಲ್ಲಿ ಬಹು ಉಪಯುಕ್ತವಾದುದು 2015ರ ಕೊನೆಯಲ್ಲಿ ಆಫೀಸ್ 365 ಚಂದಾದಾರರಿಗೆ ದೊರೆತ ‘ಮಾರ್ಫ್’. ಒಂದು ಸ್ಲೈಡಿನಲ್ಲಿರುವ ಆಕೃತಿಯು ಮುಂದಿನ ಸ್ಲೈಡಿನಲ್ಲಿ ಬೇರೆ ಸ್ಥಾನದಲ್ಲಿ, ಬೇರೆ ಗಾತ್ರದಲ್ಲಿ ಇದ್ದರೆ, ಇವೆರಡರ ನಡುವಣ ಚಲನೆಯನ್ನು ತಂತ್ರಾಂಶವೇ ತುಂಬಿಕೊಡುತ್ತದೆ.

ಇದರ ಪ್ರಯೋಗವನ್ನು ನಮ್ಮ ಊರಿನದೇ ಆದ ಒಂದು ಉತ್ಪನ್ನದ ಮೂಲಕ ಪರಿಶೀಲಿಸಬಹುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ, 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಬ್ಯೂರೋದ ನಿಯಮಾನುಸಾರ ಖಾದಿ ರಾಷ್ಟ್ರಧ್ವಜ ತಯಾರಿಸುವುದಕ್ಕೆ ಹೆಸರಾಗಿದೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಮುದ್ರಿಸುವುದು, ಹೊಲಿಯುವುದು, ಹಗ್ಗ ಜೋಡಿಸುವುದು ಎಂಬ ಹಂತಗಳನ್ನು ದಾಟಿ ಧ್ವಜ ಸಿದ್ಧವಾಗುತ್ತದೆ. ಧ್ವಜದ ಉದ್ದ ಅಗಲಗಳ ಪ್ರಮಾಣ 3:2. ಚಕ್ರದ ಅರಗಳು 24. ನಿಗದಿತ ಅಳತೆಗಳು ಒಂಬತ್ತು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರನಿರ್ಮಿತ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೂ ಧ್ವಜಸಂಹಿತೆಯಲ್ಲಿ ಅವಕಾಶ ದೊರೆತ ಮೇಲೆ, ಕೈನೂಲಿನ ಧ್ವಜವು ಅಗ್ಗದ ಧ್ವಜದೊಡನೆ ಸ್ಪರ್ಧಿಸಬೇಕಾಗಿದೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ವ್ಯತ್ಯಾಸವಿರುವುದು ತಯಾರಿಕೆಯಲ್ಲಿ, ಅದನ್ನು ತೋರಿಸದೆ ಖರೀದಿದಾರರಿಗೆ ಬೆಲೆಯ ಅಂತರವನ್ನು ವಿವರಿಸಲಾಗದು.

ಇಂತಹ ಉತ್ಪನ್ನಕ್ಕೆ ಸ್ಲೈಡುಗಳನ್ನು ಹೀಗೆ ಜೋಡಿಸಬಹುದು. ಮೊದಲ ಸ್ಲೈಡಿನಲ್ಲಿ ಪೂರ್ಣ ಧ್ವಜ. ಆ ಸ್ಲೈಡಿನ ನಕಲು ತೆಗೆದು, ಎರಡನೆಯದರಲ್ಲಿ ಕೇಸರಿ, ಬಿಳಿ, ಹಸಿರು ಪಟ್ಟಿಗಳನ್ನು ದೂರ ದೂರ ಇಡಬೇಕು. ಮೂರನೆಯದರಲ್ಲಿ ಬಿಳಿ ಪಟ್ಟಿಯನ್ನು ಉಳಿಸಿಕೊಂಡು ಚಕ್ರವನ್ನು ದೊಡ್ಡದು ಮಾಡಬೇಕು. ನಾಲ್ಕನೆಯದರಲ್ಲಿ ಬಟ್ಟೆಯ ನೇಯ್ಗೆ ಎದ್ದು ಕಾಣುವಂತಹ ಸಮೀಪದ ಛಾಯಾಚಿತ್ರ. ಕೊನೆಯದರಲ್ಲಿ ಮತ್ತೆ ಪೂರ್ಣ ಧ್ವಜ. ಎರಡನೆಯ ಸ್ಲೈಡಿನಿಂದ ಮೊದಲ್ಗೊಂಡು ‘ಟ್ರಾನ್ಸಿಷನ್ಸ್’ ಪಟ್ಟಿಯಲ್ಲಿ ‘ಮಾರ್ಫ್’ ಆರಿಸಿದರೆ ಧ್ವಜವು ತಾನೇ ಬಿಚ್ಚಿಕೊಂಡು, ಮತ್ತೆ ಕೂಡಿಕೊಂಡಂತೆ ಕಾಣುತ್ತದೆ. ಯಾವ ಆಕೃತಿ ಯಾವುದಾಗಿ ಬದಲಾಗಬೇಕೆಂಬುದರಲ್ಲಿ ತಂತ್ರಾಂಶವು ತಪ್ಪಿದರೆ, ‘ಸೆಲೆಕ್ಷನ್ ಪೇನ್’ ತೆರೆದು ಎರಡೂ ಸ್ಲೈಡುಗಳ ಆಕೃತಿಗಳಿಗೆ ಒಂದೇ ಹೆಸರು ಕೊಟ್ಟು, ಆ ಹೆಸರಿನ ಮೊದಲಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕಬೇಕು. ಇಲ್ಲಿ ಪ್ರತಿಯೊಂದು ಚಲನೆಯೂ ತಯಾರಿಕೆಯ ಒಂದು ಸಂಗತಿಯನ್ನು ಹೇಳುತ್ತದೆ. ಅದೇ ಧ್ವಜವನ್ನು ಗಿರಗಿರನೆ ತಿರುಗಿಸಿ, ಬಣ್ಣದ ಕಿಡಿಗಳನ್ನು ಹಾರಿಸಿದರೆ ಯಾವ ಸಂಗತಿಯೂ ತಿಳಿಯುವುದಿಲ್ಲ.

ಅಂಕಿಗಳಿಗೆ ರೂಪ

ಬ್ಯಾಂಕಿನವರು ನೋಡುವುದು ಅಂಕಿಗಳನ್ನು. ಮಾದರಿಗಾಗಿ ₹100ಕ್ಕೆ ಮಾರುವ ಒಂದು ವಸ್ತುವಿನಲ್ಲಿ ಕಚ್ಚಾ ಸಾಮಗ್ರಿಗೆ ₹55, ಕೂಲಿಗೆ ₹15, ಬಡ್ಡಿಗೆ ₹8, ವಿದ್ಯುತ್ತಿಗೆ ₹6, ಸಾಗಣೆಗೆ ₹4 ತಗಲುತ್ತದೆಂದು ಭಾವಿಸಬಹುದು. ಉಳಿಯುವ ಲಾಭ ₹12. ಇದನ್ನು ಕೋಷ್ಟಕವಾಗಿ ಕೊಟ್ಟರೆ ಆರು ಸಾಲುಗಳಾಗುತ್ತವೆ. ಅದೇ ವಿವರವನ್ನು ‘ವಾಟರ್‌ಫಾಲ್’ ನಕ್ಷೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಒಂದೊಂದು ಮೆಟ್ಟಿಲನ್ನೂ ಕ್ಲಿಕ್ಕಿಗೊಂದರಂತೆ ತೋರಿಸಿದರೆ, ಹಣ ಎಲ್ಲಿ ಕರಗುತ್ತಿದೆ ಎಂಬುದು ನೋಡುವವರಿಗೆ ತಾನಾಗಿ ತಿಳಿಯುತ್ತದೆ. ಬಡ್ಡಿಯ ಮೆಟ್ಟಿಲು ₹8ರಿಂದ ₹6ಕ್ಕೆ ಇಳಿದರೆ ಲಾಭವು ₹14 ಆಗುವುದನ್ನು ಮುಂದಿನ ಸ್ಲೈಡಿನಲ್ಲಿ ತೋರಿಸಿದಾಗ ಸಾಲದ ಮಾತುಕತೆಗೆ ಬೇಕಾದ ಆಧಾರ ಸಿಕ್ಕಂತಾಯಿತು. ಈ ನಕ್ಷೆಯು 2016ರ ಆವೃತ್ತಿಯಿಂದ ಪವರ್ ಪಾಯಿಂಟಿನಲ್ಲಿಯೇ ಇದೆ. ಪ್ರತಿ ತಿಂಗಳೂ ಇಂತಹ ಹತ್ತಾರು ನಕ್ಷೆಗಳನ್ನು ರಚಿಸುವ ಸಂಸ್ಥೆಗಳಿಗೆ ಮಾತ್ರ ಹಣ ಕೊಟ್ಟು ಆಡ್-ಇನ್ ಪಡೆಯುವುದು ಗಿಟ್ಟೀತು.

ಕನ್ನಡ ಅಕ್ಷರಗಳ ವಿಷಯ

ಸ್ಥಳೀಯ ಗ್ರಾಹಕರಿಗಾಗಿ, ರೈತರಿಗಾಗಿ, ಸ್ವಸಹಾಯ ಸಂಘಗಳಿಗಾಗಿ ಕನ್ನಡದಲ್ಲಿ ಸ್ಲೈಡು ತಯಾರಿಸುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಪಠ್ಯವು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್ ಬಳಸಿದರೆ ಈ ತೊಂದರೆಯಿಲ್ಲ. ವಿಂಡೋಸ್‌ನೊಡನೆ ಬರುವ ತುಂಗಾ ಮತ್ತು ನಿರ್ಮಲಾ ಫಾಂಟುಗಳು ಯೂನಿಕೋಡ್‌ನವು. ಅಕ್ಷರಗಳನ್ನು ಒಂದೊಂದಾಗಿ ಹಾರಿಸಿ ತರುವ ಪರಿಣಾಮಗಳು ಇಂಗ್ಲಿಷಿಗಾಗಿ ರೂಪುಗೊಂಡಂತಹವು. ಒತ್ತಕ್ಷರ, ಗುಣಿತಗಳುಳ್ಳ ಕನ್ನಡಕ್ಕೆ ಪದ ಪದವಾಗಿ ಅಥವಾ ಸಾಲು ಸಾಲಾಗಿ ಮೂಡಿಸುವ ಕ್ರಮವೇ ಸುರಕ್ಷಿತ.

ಅಳವಡಿಸುವಾಗ ಪಾಲಿಸಬೇಕಾದ ಕ್ರಮ

ಒಂದು: ಆಡ್-ಇನ್ ಅನ್ನು ತಯಾರಕರ ಅಧಿಕೃತ ತಾಣದಿಂದ ಅಥವಾ ಮೈಕ್ರೋಸಾಫ್ಟ್‌ನ ಆಡ್-ಇನ್ ಭಂಡಾರದಿಂದಲೇ ಪಡೆಯಬೇಕು. ಆಡ್-ಇನ್ ಒಂದು ಕಾರ್ಯಕ್ರಮವಾದುದರಿಂದ ಅದರ ಮೂಲಕ ವೈರಸ್ ಒಳಬರಬಲ್ಲದು. ಈ ಕಾರಣಕ್ಕಾಗಿಯೇ 2022ರಿಂದ ಮೈಕ್ರೋಸಾಫ್ಟ್ ಅಂತರ್ಜಾಲದಿಂದ ಬಂದ ಕಡತಗಳಲ್ಲಿನ ಮ್ಯಾಕ್ರೋಗಳನ್ನು ತಾನಾಗಿ ತಡೆಹಿಡಿಯತೊಡಗಿತು. ಲೆಕ್ಕಪತ್ರಗಳಿರುವ ಗಣಕಯಂತ್ರದಲ್ಲಿ ಪರವಾನಗಿಯಿಲ್ಲದ ತಂತ್ರಾಂಶವನ್ನು ತುಂಬುವುದು ಅಪಾಯಕಾರಿ.

ಎರಡು: ‘ಫೈಲ್’, ‘ಆಪ್ಷನ್ಸ್’, ‘ಆಡ್-ಇನ್ಸ್’ ಎಂಬ ಕ್ರಮದಲ್ಲಿ ಹೋದರೆ ಯಾವ ಆಡ್-ಇನ್‌ಗಳು ಚಾಲನೆಯಲ್ಲಿವೆ ಎಂಬುದು ತಿಳಿಯುತ್ತದೆ. ಬಳಕೆಯಲ್ಲಿಲ್ಲದವನ್ನು ಅಲ್ಲಿಯೇ ನಿಲ್ಲಿಸಬಹುದು. ಆಡ್-ಇನ್‌ಗಳು ಹೆಚ್ಚಿದಷ್ಟೂ ಪವರ್ ಪಾಯಿಂಟ್ ತೆರೆದುಕೊಳ್ಳುವುದು ನಿಧಾನವಾಗುತ್ತದೆ.

ಮೂರು: ಹಳೆಯ ತಂತ್ರಗಳನ್ನು ಅವಲಂಬಿಸಬಾರದು. ಒಂದು ಕಾಲಕ್ಕೆ ಸ್ಲೈಡುಗಳಲ್ಲಿ ಫ್ಲ್ಯಾಷ್ ಚಿತ್ರಗಳನ್ನು ಧಾರಾಳವಾಗಿ ಬಳಸಲಾಗುತ್ತಿತ್ತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆಯು ಫ್ಲ್ಯಾಷ್‌ಗೆ ನೀಡುತ್ತಿದ್ದ ಬೆಂಬಲವನ್ನು ಕೊನೆಗೊಳಿಸಿತು. ಅಂತಹ ಹಳೆಯ ಪ್ರದರ್ಶನಗಳನ್ನು ಹೊಸದಾಗಿ ಸಿದ್ಧಪಡಿಸಿಕೊಳ್ಳುವುದು ಅನಿವಾರ್ಯ.

ನಾಲ್ಕು: ಪ್ರದರ್ಶನದ ಮೂರು ಪ್ರತಿಗಳನ್ನು ಒಯ್ಯಬೇಕು. ಮೂಲ ಕಡತ ಒಂದು. ‘ಎಕ್ಸ್‌ಪೋರ್ಟ್’ ಪಟ್ಟಿಯಿಂದ ತಯಾರಿಸಿದ ವಿಡಿಯೋ ಒಂದು. ಪಿಡಿಎಫ್ ಪ್ರತಿ ಒಂದು. ವಿಡಿಯೋದಲ್ಲಿ ಚಲನೆಗಳು ಬಿಂಬದಲ್ಲಿಯೇ ಅಚ್ಚಾಗುವುದರಿಂದ ಅದನ್ನು ತೋರಿಸಲು ಪವರ್ ಪಾಯಿಂಟ್ ಕೂಡ ಬೇಕಾಗಿಲ್ಲ. ವಿದ್ಯುತ್ ಕೈಕೊಟ್ಟರೆ ಪಿಡಿಎಫ್‌ನ ಮುದ್ರಿತ ಹಾಳೆಗಳು ನೆರವಿಗೆ ಬರುತ್ತವೆ.

ಐದು: ಸಭಾಭವನಕ್ಕೆ ಅರ್ಧ ಗಂಟೆ ಮುಂಚಿತವಾಗಿ ಹೋಗಿ ಪ್ರೊಜೆಕ್ಟರಿನ ಪರದೆ ಅಗಲವಾದ 16:9ರದೋ, ಹಳೆಯ 4:3ರದೋ ಎಂಬುದನ್ನು ನೋಡಿಕೊಳ್ಳಬೇಕು. 2013ರ ಆವೃತ್ತಿಯಿಂದ ಹೊಸ ಸ್ಲೈಡುಗಳು 16:9ರಲ್ಲಿಯೇ ತೆರೆದುಕೊಳ್ಳುತ್ತವೆ. ಹಳೆಯ ಪ್ರೊಜೆಕ್ಟರಿನಲ್ಲಿ ಅವು ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿದು ಚಿಕ್ಕದಾಗಿ ಕಾಣುತ್ತವೆ.

ಅಂದಕ್ಕೂ ಒಂದು ಮಿತಿ

ಸ್ಲೈಡಿನ ದೋಷವು ಬರೀ ಅಂದಕ್ಕೆ ಸಂಬಂಧಿಸಿದ್ದಲ್ಲ ಎಂಬುದಕ್ಕೆ ಜಗತ್ತೇ ಬಲ್ಲ ನಿದರ್ಶನವೊಂದಿದೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಗಗನನೌಕೆಯು ನಾಶವಾಗಿ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಮಡಿದರು. ತನಿಖಾ ಮಂಡಳಿಯು ಅದೇ ವರ್ಷ ನೀಡಿದ ವರದಿಯಲ್ಲಿ, ಸವಿಸ್ತಾರವಾದ ತಾಂತ್ರಿಕ ವರದಿಗಳ ಬದಲಿಗೆ ಪವರ್ ಪಾಯಿಂಟ್ ಸ್ಲೈಡುಗಳನ್ನೇ ಅವಲಂಬಿಸುವ ರೂಢಿಯನ್ನು ಟೀಕಿಸಿತು. ನೌಕೆಯ ಹಾನಿಯ ಕುರಿತಾದ ಮಹತ್ವದ ಸಂಗತಿಯು ಸ್ಲೈಡಿನ ಕೆಳಭಾಗದಲ್ಲಿ, ಸಣ್ಣ ಅಕ್ಷರಗಳ ಉಪಸಾಲುಗಳಲ್ಲಿ ಹುದುಗಿಹೋಗಿತ್ತೆಂಬುದನ್ನು ಎಡ್ವರ್ಡ್ ಟಫ್ಟೆ ಎಂಬ ವಿದ್ವಾಂಸರು ಬಿಡಿಸಿ ತೋರಿಸಿದರು. ಮುಖ್ಯ ಸಂಗತಿಯನ್ನು ಮರೆಮಾಡುವ ಸ್ಲೈಡಿಗೆ ಯಾವ ಆಡ್-ಇನ್ ಜೋಡಿಸಿದರೂ ಅದು ಉತ್ತಮವಾಗದು. ವ್ಯಾಪಾರದಲ್ಲಿ ಪ್ರಾಣಹಾನಿಯಾಗದಿದ್ದರೂ, ಸಾಲದ ಷರತ್ತು, ಸರಕಿನ ಮಿತಿ, ಪೂರೈಕೆಯ ಅವಧಿ ಮುಂತಾದವು ಮಿನುಗುವ ಚಿತ್ರಗಳ ಹಿಂದೆ ಮರೆಯಾದರೆ ವಿಶ್ವಾಸಹಾನಿಯಾಗುತ್ತದೆ.

ಯಾವ ಪರಿಣಾಮವನ್ನಾದರೂ ಸೇರಿಸುವ ಮುನ್ನ, ಇದನ್ನು ತೆಗೆದುಹಾಕಿದರೆ ನೋಡುವವರಿಗೆ ಏನು ತಿಳಿಯದೆ ಹೋಗುತ್ತದೆ ಎಂದು ಕೇಳಿಕೊಳ್ಳಬೇಕು. ಉತ್ತರವಿದ್ದರೆ ಅದನ್ನು ಇಟ್ಟುಕೊಳ್ಳಬೇಕು, ಉತ್ತರವಿಲ್ಲದಿದ್ದರೆ ತೆಗೆದುಬಿಡಬೇಕು. ಹತ್ತು ನಿಮಿಷದ ಅವಕಾಶಕ್ಕೆ ಎಂಟು ಹತ್ತು ಸ್ಲೈಡು, ಸ್ಲೈಡಿಗೊಂದು ವಿಷಯ, ವಿಷಯಕ್ಕೊಂದೇ ಚಲನೆ ಎಂಬ ಅಳತೆಯನ್ನು ಪಾಲಿಸಿದರೆ ಸಾಕು. ಆಡ್-ಇನ್ ಕೊಳ್ಳಲು ಮನಸ್ಸಿರುವ ಸಂಸ್ಥೆಗಳು ತಯಾರಕರು ನೀಡುವ ಪ್ರಾಯೋಗಿಕ ಅವಧಿಯಲ್ಲಿ ತಮ್ಮದೇ ಒಂದು ನಿಜವಾದ ಪ್ರದರ್ಶನವನ್ನು ತಯಾರಿಸಿ, ಅದನ್ನು ಬೇರೊಂದು ಗಣಕಯಂತ್ರದಲ್ಲಿ ನಡೆಸಿ ನೋಡಬೇಕು. ಅಲ್ಲಿಯೂ ಅದು ಸರಿಯಾಗಿ ನಡೆದರೆ ಮಾತ್ರ ವಾರ್ಷಿಕ ಚಂದಾ ಕಟ್ಟುವುದು ಜಾಣತನ.